ಆಜಿಯ ಮಾತನ್ನು ‘ಅದಿರಲಿ’ ಎನ್ನಬೇಡಿ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಿಂದ ಬಂದ ಆರು ಪುಟಗಳ ಪತ್ರವೊಂದು ಹತ್ತು ದಿನಗಳಿಂದ ನನ್ನ ಮೇಜಿನ ಮೇಲೆಯೇ ಇದೆ. ಬಂದ ಪತ್ರಗಳನ್ನು ಓದಿ, ಉತ್ತರ ಬರೆದು, ಕಡತಕ್ಕೆ ಸೇರಿಸಿಬಿಡುವ ರೂಢಿಯ ನನಗೆ ಇದನ್ನು ಹಾಗೆ ಸೇರಿಸಲು ಮನಸ್ಸಾಗಲಿಲ್ಲ. ಮೊದಲ ಸಲ ಓದಿದಾಗ ಬರೆದವರ ಮೇಲೆ ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ಆ ಸಿಟ್ಟು ಅವರ ಭಾವನ ಮಗನ ಕಡೆಗೆ ತಿರುಗಿತು. ಅದು ಇನ್ನೂ ಪೂರ್ತಿ ಇಳಿದಿಲ್ಲ.

‘ಅಕ್ಕಾವ್ರೇ’ ಎಂದು ಶುರುವಾಗುವ ಆ ಪತ್ರದ ಸಾರಾಂಶ ಇಷ್ಟು. ಈ ತಂಗಿ ಗದಗಿನ ಕಡೆಯವರು, ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷಗಳಾಗಿವೆ. 2020ರ ಲಾಕ್‌ಡೌನ್ ದಿನಗಳಲ್ಲಿ ಯಜಮಾನರ ಸಂಬಳ ಅರ್ಧಕ್ಕೆ ಇಳಿದಾಗ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆಯ ಚಟ್ನಿಪುಡಿಗಳು) ಮಾಡಿ ಕಾಲು ಕಿಲೋ ಪೊಟ್ಟಣಗಳಲ್ಲಿ ಮಾರತೊಡಗಿದರು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಕೆಳಗೆ ಬೆಲೆ ಬರೆದು, ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ವಾರಕ್ಕೆ ನಲವತ್ತು ಪೊಟ್ಟಣ ಸಲೀಸಾಗಿ ಹೋಗುತ್ತಿದ್ದವು. ಎಂಟು ತಿಂಗಳ ಹಿಂದೆ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವನ ಮಗ ಮನೆಗೆ ಬಂದವನು ಆ ಫೋಟೋಗಳನ್ನು ನೋಡಿ, “ಕಾಕು, ಇದು ಬಹಳ ಚೀಪ್ ಕಾಣಿಸುತ್ತದೆ, ಬ್ರ್ಯಾಂಡ್ ಅಂತ ಒಂದು ಆಗುವವರೆಗೆ ಏನನ್ನೂ ಹಾಕಬೇಡಿ, ನಾನು ಮಾಡಿಕೊಡುತ್ತೇನೆ” ಎಂದ. ಅಂದಿನಿಂದ ಇಂದಿನವರೆಗೆ ಲೋಗೋ ಹನ್ನೊಂದು ರೂಪ ತಾಳಿದೆ. ಹೆಸರು ಎರಡು ಸಲ ಬದಲಾಗಿದೆ. ಪೊಟ್ಟಣದ ಬಣ್ಣ ಅರಿಶಿನವೋ ಇಟ್ಟಿಗೆಯೋ ಎಂಬುದು ತೀರ್ಮಾನವಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ದೀಪಾವಳಿಗೆ ಹೊರತರುವುದು ಈಗಿನ ಯೋಜನೆ. ಈ ನಡುವೆ ವಾರದ ಮಾರಾಟ ಹನ್ನೊಂದು ಪೊಟ್ಟಣಕ್ಕೆ ಇಳಿದಿದೆ. ತಂಗಿ ಕೇಳಿರುವುದು ಎರಡು ಪ್ರಶ್ನೆ: ದೀಪಾವಳಿಯವರೆಗೆ ಕಾಯಬೇಕೇ? ಕಾಯದಿದ್ದರೆ, ಹುಡುಗನಿಗೂ ಅವನ ತಾಯಿಗೂ, ಅಂದರೆ ತಮ್ಮ ಹಿರಿಯ ನೆಗೆಣ್ಣಿಗೂ, ನೋವಾಗದಂತೆ ಹೇಳುವುದು ಹೇಗೆ?

ಐದನೆಯ ಪುಟದ ಕೊನೆಯಲ್ಲಿ, ಲೋಗೋದ ಅಕ್ಷರಗಳ ಬಗ್ಗೆ ಬರೆಯುತ್ತಿದ್ದಾಗ ನಡುವೆ ನುಸುಳಿದಂತೆ, ಒಂದು ಸಾಲು ಇದೆ: “ಮೊನ್ನೆ ಮೂರನೇ ಮಹಡಿಯ ಮರಾಠಿ ಆಜಿ ಲಿಫ್ಟಿನಲ್ಲಿ ಸಿಕ್ಕಿದ್ದರು, ನೀವು ಬಂದ್ ಮಾಡಿದಿರಿ ಅಂತ ತಿಳಿದು ಈಗ ಬೇರೆ ಕಡೆಯಿಂದ ತರಿಸುತ್ತಿದ್ದೇನೆ ಅಂದರು. ಅದಿರಲಿ.”

ತಂಗೀ, ಲೋಗೋಗೆ ಒಂದೂವರೆ ಪುಟ ಕೊಟ್ಟ ನೀವು ಆಜಿಗೆ ಒಂದೇ ಸಾಲು ಕೊಟ್ಟು, ಅದರ ಮೇಲೂ ‘ಅದಿರಲಿ’ ಎಂದು ಮಣ್ಣು ಹಾಕಿದ್ದೀರಿ. ಆಜಿ ನಿಮ್ಮ ಹಿಂಡಿ ಕೆಟ್ಟಿದೆ ಎನ್ನಲಿಲ್ಲ, ತುಟ್ಟಿ ಎನ್ನಲಿಲ್ಲ, ಫೋಟೋ ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ಅದೇ ಕಟ್ಟಡದಲ್ಲಿ, ಎರಡು ಮಹಡಿ ಅಂತರದಲ್ಲಿ, ದಿನವೂ ಅದೇ ಲಿಫ್ಟಿನಲ್ಲಿ ಓಡಾಡುವ ಹೆಂಗಸು ನೀವು ವ್ಯಾಪಾರ ನಿಲ್ಲಿಸಿದ್ದೀರಿ ಎಂದು ತಿಳಿದುಕೊಂಡರು. ಹಾಗಾದರೆ ಪಕ್ಕದ ಪಲಾವಾ ಬಡಾವಣೆಯಲ್ಲಿರುವವರು, ಠಾಣೆಯಲ್ಲಿರುವವರು, ನಿಮ್ಮ ರಫ್ ವಹಿಯ ಕೊನೆಯ ಪುಟಗಳಲ್ಲಿ ನೀವೇ ಬರೆದಿಟ್ಟುಕೊಂಡಿರುವ 187 ನಂಬರುಗಳ ಮಂದಿ ಏನು ತಿಳಿದಿರಬಹುದು?

ಹಿಂಡಿಯ ಡಬ್ಬಿ ಯಾವ ಮನೆಯಲ್ಲಿ ಯಾವ ದಿನ ಖಾಲಿಯಾಗುತ್ತದೆ ಎಂಬುದು ಮಾಡುವವರಿಗೆ ಗೊತ್ತಾಗುವುದಿಲ್ಲ. ಕಾಲು ಕಿಲೋ ಶೇಂಗಾ ಹಿಂಡಿ ಒಂದು ಮನೆಯಲ್ಲಿ ಹತ್ತು ದಿನಕ್ಕೆ ಮುಗಿಯುತ್ತದೆ, ಗಂಡ ಹೆಂಡತಿ ಇಬ್ಬರೇ ಇರುವ ಇನ್ನೊಂದು ಮನೆಯಲ್ಲಿ ಎರಡು ತಿಂಗಳು ಬರುತ್ತದೆ. ಡಬ್ಬಿಯ ತಳ ಚಮಚಕ್ಕೆ ತಗಲಿದ ದಿನ ಯಾರ ಹೆಸರು ಕಣ್ಣೆದುರು ಇರುತ್ತದೆಯೋ ಅವರಿಗೆ ಫೋನ್ ಹೋಗುತ್ತದೆ. ಆ ದಿನವನ್ನು ನೀವು ಹಿಡಿಯಲಾರಿರಿ. ಆದ್ದರಿಂದ ವಾರ ತಪ್ಪದೆ ಎದುರಿಗೆ ಇರುವುದೊಂದೇ ದಾರಿ. ದೀಪಾವಳಿಯ ಬೆಳಿಗ್ಗೆ ಎಷ್ಟೇ ಚೆಂದದ ಚಿತ್ರ ಕಳಿಸಿದರೂ ಅಂದು ಡಬ್ಬಿ ತುಂಬಿರುವ ಮನೆಗೆ ಅದು ಒಂದು ಶುಭಾಶಯ, ಅಷ್ಟೇ. ಅದೂ ಅಲ್ಲದೆ ದೀಪಾವಳಿಯನ್ನೇ ಆರಿಸಿದ್ದು ಯಾರ ಬುದ್ಧಿ? ಆ ಹದಿನೈದು ದಿನ ಡೊಂಬಿವಲಿಯ ಗಲ್ಲಿಗಲ್ಲಿಯಲ್ಲಿ ಚಕಲಿ, ಕರಂಜಿ, ಚಿವಡಾ ಮಾರುವ ಸ್ವಸಹಾಯ ಗುಂಪುಗಳ, ಅಂದರೆ ಬಚತ್ ಗಟ್‌ಗಳ ಬೋರ್ಡು ನೇತಾಡುತ್ತವೆ, ಪ್ರತಿ ಸೊಸೈಟಿಯ ಗುಂಪಿನಲ್ಲಿ ಫರಾಳದ (ದೀಪಾವಳಿ ತಿಂಡಿಗಳ) ದರಪಟ್ಟಿಗಳು ಒಂದರ ಮೇಲೊಂದು ಬೀಳುತ್ತವೆ. ಆ ಗದ್ದಲದಲ್ಲಿ ಹಿಂಡಿ ಮಾರಲು ಹೊರಡುವುದು ಜಾತ್ರೆಯಲ್ಲಿ ಪಿಸುಮಾತಾಡಿದ ಹಾಗೆ.

ನಾನು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಓದುಗರು ಬೇಸರಪಟ್ಟರೂ ಮತ್ತೆ ಹೇಳುತ್ತೇನೆ: ಮನೆಯಿಂದ ನಡೆಸುವ ವ್ಯಾಪಾರಕ್ಕೆ ಹೆಸರಿಗಿಂತ ಮೊದಲು ವಾರದಲ್ಲಿ ಒಂದು ದಿನ ಗೊತ್ತಾಗಬೇಕು. ನನ್ನ ತವರೂರಿನ ಸಂತೆ ಮಂಗಳವಾರ. ಅಲ್ಲಿ ಬೇವಿನ ಮರದ ಕೆಳಗೆ ಮೆಣಸಿನಕಾಯಿ ಮಾರುತ್ತಿದ್ದ ಒಬ್ಬ ಮುದುಕ ಯಾವುದೋ ಸಿಮೆಂಟ್ ಕಂಪನಿಯ ಹೆಸರಿದ್ದ ಚೀಲವನ್ನು ಹಾಸಿ, ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದ. ಆ ಚೀಲದ ಅಕ್ಷರ ಯಾರೂ ಓದಲಿಲ್ಲ. ಮಂಗಳವಾರ ಬೇವಿನ ಮರದ ಕಡೆ ಹೋದರೆ ಬ್ಯಾಡಗಿ ಸಿಗುತ್ತದೆ ಎಂಬುದು ನನ್ನ ತಾಯಿಗೆ ಗೊತ್ತಿತ್ತು. ಒಂದು ಮಳೆಗಾಲದಲ್ಲಿ ಅವನು ಸತತ ಮೂರು ಸಂತೆ ಬರಲಿಲ್ಲ. ನಾಲ್ಕನೆಯ ಮಂಗಳವಾರ ಬಂದಾಗ ಅವನ ಜಾಗದಲ್ಲಿ ಈರುಳ್ಳಿಯವನು ಕೂತಿದ್ದ, ನನ್ನ ತಾಯಿ ಬೇರೆಯವನ ಹತ್ತಿರ ಚೀಲ ತುಂಬಿಸಿಕೊಂಡು ಆಗಿತ್ತು. ನಿಮ್ಮ ಮೂರನೇ ಮಹಡಿಯ ಆಜಿ ಮಾಡಿದ್ದೂ ಅದನ್ನೇ.

ಮುಂಬಯಿಯದೇ ಒಂದು ಮಾತು ಹೇಳುತ್ತೇನೆ. 1959ರ ಮಾರ್ಚ್ 15ರಂದು ಗಿರಗಾಂವ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಲು ಕೂತ ಕತೆ ನಿಮಗೆ ಗೊತ್ತಿದೆ; ಲಿಜ್ಜತ್ ಹುಟ್ಟಿದ್ದು ಹಾಗೆ. ಆ ಕತೆಯಲ್ಲಿ ಜನ ಮರೆಯುವ ಒಂದು ತುಣುಕಿದೆ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚ ಮತ್ತು ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೋವ್ ಹಚ್ಚಿ ಒಣಗಿಸಿದರು, ಕೆಲಸ ನಿಲ್ಲಲಿಲ್ಲ. ಅದು ನೋಡಲು ಚೆಂದದ ವ್ಯವಸ್ಥೆಯಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಭಾವನ ಮಗ ಅಂದು ಗಿರಗಾಂವ್‌ನಲ್ಲಿ ಇದ್ದಿದ್ದರೆ ಒಣಗಿಸುವ ಯಂತ್ರದ ನಕ್ಷೆ ಬರೆದುಕೊಡುತ್ತೇನೆ, ಅಲ್ಲಿಯವರೆಗೆ ಯಾರೂ ಹಿಟ್ಟು ನಾದಬೇಡಿ ಎನ್ನುತ್ತಿದ್ದನೋ ಏನೋ.

ಹುಡುಗನ ಮೇಲೆ ನಾನು ಹರಿಹಾಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು; ಅನ್ನಿಸಲಿ. ಅವನಿಗೆ ಕಾಕುವಿನ ಮೇಲೆ ಪ್ರೀತಿ ಇದೆ ಎಂದು ನೀವು ಮೂರು ಕಡೆ ಬರೆದಿದ್ದೀರಿ, ನಾನು ನಂಬುತ್ತೇನೆ. ಆದರೆ ಲೋಗೋ ಮುಗಿದರೂ ಮುಗಿಯದಿದ್ದರೂ ತಿಂಗಳ ಕೊನೆಗೆ ಅವನ ಖಾತೆಗೆ ಸಂಬಳ ಬೀಳುತ್ತದೆ, ನಿಮ್ಮ ಖಾತೆಗೆ ಬೀಳುವುದಿಲ್ಲ. ನಲವತ್ತು ಪೊಟ್ಟಣ ಹನ್ನೊಂದಾಗುವುದನ್ನು ಅವನು ಪುಣೆಯಿಂದ ನೋಡಲಾರ. ಇದೇ ಮನೆಯಲ್ಲಿ ಕೂತು ಲೆಕ್ಕ ಬರೆಯುವ ನಿಮ್ಮ ಯಜಮಾನರಿಗಾದರೂ ಅದು ಕಾಣಬೇಕಿತ್ತು; ಅವರ ಬಗ್ಗೆ ಬರೆಯಲು ಈ ವಾರ ಜಾಗ ಸಾಲದು.

ನಿಮ್ಮನ್ನೂ ಸುಮ್ಮನೆ ಬಿಡುವಂತಿಲ್ಲ. “ಅರ್ಧಂಬರ್ಧ ಕೆಲಸ ನನಗೆ ಒಗ್ಗುವುದಿಲ್ಲ” ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆ ಹೆಮ್ಮೆ ಬಾಣಲೆಯ ಹತ್ತಿರ ಇರಲಿ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಹುರಿಯುವಾಗ ಅದು ಚಟಪಟ ಸಿಡಿದು ಘಮ ಬಂದ ಕ್ಷಣಕ್ಕೆ ಇಳಿಸಬೇಕು. ಒಂದಿಷ್ಟು ಹೊತ್ತು ಹೆಚ್ಚಾದರೆ ಇಡೀ ಹಿಂಡಿ ಕಹಿ. ಬೆಳ್ಳುಳ್ಳಿಯಲ್ಲಿ ಪಸೆ ಉಳಿದರೆ ಮುಂಬಯಿಯ ಮಳೆಗಾಲದಲ್ಲಿ ಪೊಟ್ಟಣದೊಳಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಪಟ್ಟು ಬಿಡಬೇಡಿ, ಅನುಮಾನ ಬಂದರೆ ಆ ಸಲದ ಹಿಂಡಿಯನ್ನೆಲ್ಲ ಚೆಲ್ಲಿ. ಪೊಟ್ಟಣದ ಮೇಲೆ ತೂಕ, ಬೆಲೆ, ಏನೇನು ಹಾಕಿದ್ದೀರಿ ಎಂಬ ವಿವರ, ತಯಾರಿಸಿದ ತಾರೀಖು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ನೋಂದಣಿ ಸಂಖ್ಯೆ ಒಂದೂ ತಪ್ಪಬಾರದು. ಆದರೆ ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಹಿಂದೆ ಗ್ಯಾಸ್ ಸಿಲಿಂಡರ್ ಕಂಡಿತೆಂದು ಯಾರ ಹೊಟ್ಟೆಯೂ ಕೆಡುವುದಿಲ್ಲ. ಪತ್ರದ ಜೊತೆ ನೀವು ಕಳಿಸಿದ ಹಳೆಯ ಫೋಟೋವನ್ನು ನಾನು ನೋಡಿದೆ: ಸ್ಟೀಲ್ ಪರಾತದಲ್ಲಿ ಕೆಂಪು ಶೇಂಗಾ ಹಿಂಡಿ, ಅಂಚಿನಲ್ಲಿ ನಿಮ್ಮ ಹೆಬ್ಬೆರಳು, ಹಿಂದೆ ಕಿಟಕಿಗೆ ಒಣಹಾಕಿದ ಒರೆಸುವ ಬಟ್ಟೆ. ನನಗೆ ಬಾಯಲ್ಲಿ ನೀರು ಬಂತು. ಹನ್ನೊಂದನೆಯ ಲೋಗೋ ನೋಡಿದಾಗ ಅದು ಯಾವುದೋ ಪಶುಆಹಾರದ ಚೀಲದ ಹಾಗೆ ಕಂಡಿತು, ಕ್ಷಮಿಸಿ.

ಇನ್ನು ಮಾಡಬೇಕಾದದ್ದು. ಪಟ್ಟಿ ಕೊಡುವುದಿಲ್ಲ, ಪಟ್ಟಿ ಕೊಟ್ಟರೆ ನೀವು ಅದನ್ನೂ ಹನ್ನೊಂದು ಸಲ ತಿದ್ದುತ್ತೀರಿ. ಬರುವ ಗುರುವಾರ ರಾತ್ರಿ 9 ಗಂಟೆಗೆ ಒಂದು ಫೋಟೋ, ಅದರ ಕೆಳಗೆ ನಾಲ್ಕು ಸಾಲು ಕಳಿಸಿ: ಈ ವಾರ ಯಾವ ಹಿಂಡಿ, ಕಾಲು ಕಿಲೋಗೆ ಎಷ್ಟು, ಶುಕ್ರವಾರ ರಾತ್ರಿಯೊಳಗೆ ತಿಳಿಸಿ, ಶನಿವಾರ ಸಂಜೆ ತಲುಪಿಸುತ್ತೇನೆ. ಮುಂದಿನ ಗುರುವಾರ ಅದೇ ಹೊತ್ತಿಗೆ ಅದೇ ನಾಲ್ಕು ಸಾಲು, ಹೀಗೆ 12 ಗುರುವಾರ. ಮೈಯಲ್ಲಿ ಹುಷಾರಿಲ್ಲದೆ ಏನೂ ಮಾಡಲಾಗದ ವಾರ “ಈ ವಾರ ಇಲ್ಲ, ಮುಂದಿನ ಗುರುವಾರ ಸಿಗುತ್ತದೆ” ಎಂದಾದರೂ ಹೋಗಬೇಕು. ಸಾಲುಗಳನ್ನು ಬದಲಿಸಬೇಡಿ, ಬೇಸರ ಬರುವುದು ಬರೆಯುವ ನಿಮಗೆ. ಓದುವವರು ಅದನ್ನು ಅರ್ಧ ಕಣ್ಣಿನಲ್ಲಿ ನೋಡುತ್ತಾರೆ. ಬೆಳಿಗ್ಗೆ ಕಳಿಸಬಹುದೇ ಎಂದು ಕೇಳಬೇಡಿ. ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವರಿಗೆ ಮೊಬೈಲ್ ಹೊರತೆಗೆಯಲು ಕೈ ಅಲ್ಲಾಡಿಸುವಷ್ಟೂ ಜಾಗವಿರುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇದರಲ್ಲಿ ತಾಂತ್ರಿಕವಾದ ಒಂದು ತೊಡಕಿದೆ, ಅದನ್ನು ನಿಮ್ಮ ಭಾವನ ಮಗ ಎಂಟು ತಿಂಗಳಲ್ಲಿ ಹೇಳಿದಂತೆ ಕಾಣುವುದಿಲ್ಲ. ಬರೀ ಸ್ಟೇಟಸ್ ಹಾಕಿದರೆ ಅದು 24 ಗಂಟೆಗಳಲ್ಲಿ ಅಳಿದುಹೋಗುತ್ತದೆ. ಸೊಸೈಟಿಯ ಗುಂಪಿನಲ್ಲಿ ಹಾಕಿದರೆ ಟ್ಯಾಂಕರ್ ನೀರಿನ ಜಗಳದ ಕೆಳಗೆ ಹೂತುಹೋಗುತ್ತದೆ. ಒಂದೇ ಸಂದೇಶವನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸುವ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯವರೆಗೆ ಸೇರಿಸಬಹುದು, ನಿಮ್ಮ 187 ಅದರಲ್ಲಿ ಹಿಡಿಸುತ್ತದೆ. ಆದರೆ ಯಾರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದಾರೋ ಅವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಆದ್ದರಿಂದ ಪೊಟ್ಟಣ ಕೊಡುವಾಗ “ನನ್ನ ನಂಬರ್ ಸೇವ್ ಮಾಡಿಕೊಳ್ಳಿ” ಎಂದು ಬಾಯಿಬಿಟ್ಟು ಹೇಳಿ. ಮರಾಠಿಯವರಿಗೆ ಗುರೆಳ್ಳು ಎಂದರೆ ತಿಳಿಯದು, ‘ಕಾರಳ್ಯಾಚಿ ಚಟಣಿ’ ಎಂದು ಬರೆಯಿರಿ, ಅಗಸೆಗೆ ‘ಜವಸ’ ಎನ್ನಿ. ಎರಡು ಭಾಷೆಗೆ ಎರಡು ಪಟ್ಟಿ ಮಾಡಿಕೊಂಡರೆ ಸಾಕು.

ಹುಡುಗನ ವಿಷಯ. ಲೋಗೋ ನಿಲ್ಲಿಸು ಎಂದು ಹೇಳುವ ಅಗತ್ಯವಿಲ್ಲ; ಅವನು ಮಾಡುತ್ತಿರಲಿ, ಆದ ದಿನ ಪೊಟ್ಟಣದ ಮೇಲೆ ಅಂಟಿಸೋಣ. ಗುರುವಾರದ ಸಂದೇಶ ಮಾತ್ರ ಅವನ ಒಪ್ಪಿಗೆಗೆ ಕಾಯುವುದಿಲ್ಲ. ಬೇಕಿದ್ದರೆ ಬುಧವಾರ ರಾತ್ರಿ ಆ ನಾಲ್ಕು ಸಾಲು ಅವನಿಗೆ ಕಳಿಸಿ, “ತಪ್ಪಿದ್ದರೆ ತಿದ್ದಪ್ಪ, ನಾಳೆ ಒಂಬತ್ತಕ್ಕೆ ಹೋಗುತ್ತದೆ” ಎನ್ನಿ. ತಿದ್ದಿದರೆ ತಿದ್ದಿದ್ದು ಹೋಗುತ್ತದೆ, ತಿದ್ದದಿದ್ದರೆ ತಪ್ಪಿದ್ದೇ ಹೋಗುತ್ತದೆ. ನೆಗೆಣ್ಣಿಗೆ ಏನು ಹೇಳುವುದೆಂದು ಕೇಳಿದ್ದೀರಿ. ಏನನ್ನೂ ಹೇಳಬೇಡಿ, ಅವರ ನಂಬರನ್ನೂ ಪಟ್ಟಿಗೆ ಸೇರಿಸಿ.

ಆಜಿಗೆ ಮಾತ್ರ ಸಂದೇಶ ಕಳಿಸಬೇಡಿ. ಇವತ್ತೇ ನೂರು ಗ್ರಾಂ ಗುರೆಳ್ಳ ಹಿಂಡಿಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಮೂರನೇ ಮಹಡಿಗೆ ಹೋಗಿ, ಬಂದ್ ಮಾಡಿಲ್ಲ ಆಜಿ, ಗುರುವಾರ ಗುರುವಾರ ಇರುತ್ತದೆ ಎಂದು ಹೇಳಿ. ಈಗ ತರಿಸುತ್ತಿರುವ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕೇಳಿ, ಮನೆಗೆ ಬಂದು ಆ ತಾರೀಖನ್ನು ರಫ್ ವಹಿಯಲ್ಲಿ ಅವರ ನಂಬರಿನ ಪಕ್ಕ ಬರೆದುಕೊಳ್ಳಿ.