ರಾಜೀನಾಮೆ ಪತ್ರ ಡ್ರಾಫ್ಟಿನಲ್ಲೇ ಇರಲಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಫೋನಿನಲ್ಲಿ ಬರೆದಿಟ್ಟಿದ್ದ ರಾಜೀನಾಮೆ ಪತ್ರ ತೋರಿಸಿಯೇ ಆತ ಮಾತು ಶುರುಮಾಡಿದ. ತಾರೀಖೊಂದನ್ನು ಹಾಕುವುದು ಬಾಕಿಯಿತ್ತು.

ಬಂಗಾರಪೇಟೆ ತಾಲ್ಲೂಕಿನ 26ರ ಯುವಕ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಾಯಂ ಕೆಲಸಕ್ಕಿದ್ದಾನೆ. ಕೈಗೆ ಬರುವುದು ತಿಂಗಳಿಗೆ 19,000ದ ಆಸುಪಾಸು. ಹುಟ್ಟಿದಾಗಿನಿಂದ ಊರಿನ ಮೆಥೋಡಿಸ್ಟ್ (ಪ್ರಾಟೆಸ್ಟೆಂಟ್ ಕ್ರೈಸ್ತ) ಸಭೆಯವನು, ಎರಡು ವರ್ಷದಿಂದ ಸಂಡೇ ಸ್ಕೂಲಿನ ದೊಡ್ಡ ಹುಡುಗರ ತರಗತಿ ನೋಡಿಕೊಳ್ಳುತ್ತಾನೆ. ಮೂರು ವಾರದ ಹಿಂದೆ ಬೇರೆ ಊರಿನ ಉಪವಾಸ ಪ್ರಾರ್ಥನೆ ಕೂಟಕ್ಕೆ ಹೋಗಿದ್ದ. ಅಲ್ಲಿ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ನೂರಾರು ಜನರ ನಡುವೆ ಇವನನ್ನು ಎಬ್ಬಿಸಿ ನಿಲ್ಲಿಸಿ, ಕರ್ತನು ನಿನ್ನನ್ನು ಪೂರ್ಣಾವಧಿ ಸೇವೆಗೆ ಕರೆಯುತ್ತಿದ್ದಾನೆ, ತಡಮಾಡಿದರೆ ಈ ಅಭಿಷೇಕ ಇನ್ನೊಬ್ಬರ ಪಾಲಾಗುತ್ತದೆ ಎಂದರಂತೆ. ಕೂಟ ನಡೆಸಿದವರು ತಮ್ಮ ಪ್ರಾರ್ಥನಾ ಮಂದಿರಕ್ಕೆ ಬಂದು ಇರಲು ಕರೆದಿದ್ದಾರೆ. ಊಟ ಇದೆ, ಸಂಬಳ ಇಲ್ಲ. ಮೊದಲು ಪಿ.ಎಫ್. ಹಣದಿಂದ 50,000 ‘ಬೀಜದ ಕಾಣಿಕೆ’, ಎಂದರೆ ದೇವರು ಹೆಚ್ಚಾಗಿ ಹಿಂದಿರುಗಿಸುತ್ತಾನೆಂಬ ನಂಬಿಕೆಯಲ್ಲಿ ಕೊಡುವ ಹಣ, ಹಾಕಬೇಕು. ತಂದೆ ಮನೆಯಲ್ಲಿ ರಂಪ ಮಾಡಿದ್ದಾರೆ. ತಾಯಿ ಮಾತೇ ಆಡುತ್ತಿಲ್ಲ.

ಕರೆಯ ಬಗ್ಗೆ ಮಾತಾಡುವ ಮೊದಲು ಕೇಳಬೇಕಾದ್ದು ನಿದ್ದೆಯ ಬಗ್ಗೆ. ಇದನ್ನು ಬಿಟ್ಟು ಮುಂದೆ ಹೋಗುವ ಆಪ್ತಸಲಹೆಗಾರರು ಕೆಲವೊಮ್ಮೆ ದೊಡ್ಡ ತಪ್ಪು ಮಾಡುತ್ತಾರೆ. ನಾಲ್ಕು ಗಂಟೆ ಮಲಗಿಯೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಕೈಯಲ್ಲಿದ್ದ ದುಡ್ಡು ನೀರಿನಂತೆ ಹೋಗುತ್ತಿದೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದೆ ಎಂದಾದರೆ ಅಲ್ಲಿ ಮೊದಲು ಬೇಕಾದವರು ಮನೋವೈದ್ಯರು. ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಹಗಲು ರಾತ್ರಿ ಸಿಗುತ್ತದೆ. ಈ ಯುವಕನೂ ಮಲಗುತ್ತಿದ್ದದ್ದು ನಾಲ್ಕೇ ಗಂಟೆ. ಆದರೆ ಮೂರೂವರೆಗೆ ಅಲಾರಂ ಇಟ್ಟು ಎದ್ದು ಪ್ರಾರ್ಥಿಸಿ ಕಂಪನಿ ಬಸ್ಸು ಹಿಡಿಯುತ್ತಿದ್ದ, ಬಸ್ಸಿನಲ್ಲಿ ತೂಕಡಿಸುತ್ತಿದ್ದ, ವಾರಕ್ಕೆರಡು ದಿನ ಉಪವಾಸದಲ್ಲೇ ಪ್ರೆಸ್ ಯಂತ್ರದ ಮುಂದೆ ನಿಲ್ಲುತ್ತಿದ್ದ. ಇದು ಕಾಯಿಲೆಯಲ್ಲ, ಬರೀ ಆಯಾಸ. ಮೊದಲ ಸಲಹೆ ಅಲ್ಲೇ ಕೊಟ್ಟದ್ದು: ಪಾಳಿಯ ದಿನ ಉಪವಾಸ ಬೇಡ, ವಾರದ ರಜೆಯಂದು ಮಧ್ಯಾಹ್ನದವರೆಗೆ ಸಾಕು. ಕೈ ಯಂತ್ರಕ್ಕೆ ಸಿಕ್ಕರೆ ಅದನ್ನು ಯಾರೂ ಸೈತಾನನ ತಲೆಗೆ ಕಟ್ಟಬಾರದು.

ಎರಡನೇ ಪ್ರಶ್ನೆ: ಸಂಬಳ ಎರಡು ಪಟ್ಟು ಮಾಡಿ, ರಾತ್ರಿ ಪಾಳಿ ತೆಗೆದು, ಬರೀ ಹಗಲು ಕೊಟ್ಟರೂ ಬಿಟ್ಟು ಹೋಗುತ್ತೀಯಾ?

ಬಹಳ ಹೊತ್ತು ಸುಮ್ಮನಿದ್ದು ‘ಗೊತ್ತಿಲ್ಲ’ ಎಂದ. ಥಟ್ಟನೆ ‘ಹೋಗ್ತೀನಿ’ ಎನ್ನುವವರಿಗಿಂತ ಇಂಥವರ ಜೊತೆ ಕೆಲಸ ಮಾಡುವುದು ಸುಲಭ. ಅವನೊಳಗೆ ಮೂರು ಎಳೆ ಹೆಣೆದುಕೊಂಡಿದ್ದವು: ಪಾಳಿಯ ಬದುಕಿನಿಂದ ತಪ್ಪಿಸಿಕೊಳ್ಳುವ ಆಸೆ, ಯಾವುದೋ ಭಯ, ಮತ್ತು ಜನರಿಗೆ ದೇವರ ವಾಕ್ಯ ಹೇಳಬೇಕೆಂಬ ನಿಜವಾದ ಹಂಬಲ. ಹಂಬಲ ನಿಜ ಎನ್ನಲು ಆ ಕೂಟಕ್ಕಿಂತ ಹಳೆಯದಾದ ಎರಡು ವರ್ಷದ ಸಂಡೇ ಸ್ಕೂಲೇ ಸಾಕ್ಷಿ. ಭಯ ಎಲ್ಲಿಂದ ಬಂತೆಂದು ತಿಳಿಯಲು ತಾಯಿ ಬರಬೇಕಾಯಿತು.

ಮಗನಿಗೆ ಎರಡು ವರ್ಷವಿದ್ದಾಗ ಜ್ವರ ನೆತ್ತಿಗೇರಿ ಸೆಳೆತ ಬಂದಿತ್ತು. ಆಸ್ಪತ್ರೆಯ ವರಾಂಡದಲ್ಲಿ ಕೂತು ತಾಯಿ ಹರಕೆ ಹೊತ್ತರು: ಉಳಿದರೆ ನಿನ್ನ ಸೇವೆಗೆ ಬಿಡುತ್ತೇನೆ. ಮಗನಿಗೆ ಇದು ಬುದ್ಧಿ ಬಂದಾಗಿನಿಂದ ಗೊತ್ತು. ಹೋದ ವರ್ಷ ಬೈಕಿನಿಂದ ಬಿದ್ದು ಕಾಲು ಮುರಿದಾಗ ತಾಯಿಯ ಬಾಯಿಂದ ಬಂದ ಮೊದಲ ಮಾತೂ ‘ಹರಕೆ ತೀರಿಸಲಿಲ್ಲವಲ್ಲ’ ಎಂಬುದೇ. ಅವತ್ತಿನಿಂದ ಪ್ರತಿ ಕೆಮ್ಮು, ಪ್ರತಿ ಪಂಕ್ಚರು ಅವನಿಗೆ ದೇವರ ನೋಟಿಸಿನಂತೆ ಕಾಣತೊಡಗಿತ್ತು. ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಇದು ಅಪರೂಪವಲ್ಲ; ಹರಕೆಯ ಲೆಕ್ಕಾಚಾರ ದೇವರು ಬದಲಾದರೂ ಬದಲಾಗಿರುವುದಿಲ್ಲ.

ಇಬ್ಬರನ್ನೂ ಕೂರಿಸಿಕೊಂಡು ಸತ್ಯವೇದದ (ಬೈಬಲಿನ) 1 ಸಮುವೇಲ ಪುಸ್ತಕದ ಮೊದಲ ಮತ್ತು ಮೂರನೇ ಅಧ್ಯಾಯಗಳನ್ನು ಒಟ್ಟಿಗೆ ಓದಿದೆವು. ಹನ್ನಳು ಹರಕೆ ಹೊತ್ತು ಮಗನನ್ನು ಶೀಲೋವಿನ ಆಲಯಕ್ಕೆ ಒಪ್ಪಿಸುವುದು ಮೊದಲ ಅಧ್ಯಾಯದಲ್ಲಿ. ದೇವರು ಆ ಮಗ ಸಮುವೇಲನನ್ನು ಹೆಸರು ಹಿಡಿದು ಕರೆಯುವುದು ಮೂರನೆಯದರಲ್ಲಿ. ಎರಡೂ ಬೇರೆ ಬೇರೆ ಘಟನೆ. ತಾಯಿ ಒಪ್ಪಿಸಿದ್ದಾಳೆ ಎಂದ ಮಾತ್ರಕ್ಕೆ ದೇವರು ಕರೆಯದೆ ಬಿಡಲಿಲ್ಲ, ಮತ್ತು ಆ ಕರೆಯೂ ಮೂರು ಸಲ ಹುಡುಗನಿಗೆ ಅರ್ಥವಾಗಲಿಲ್ಲ. ಆಲಯದ ಯಾಜಕ ಏಲಿಯಂಥ ಮುದುಕನೊಬ್ಬ ಪಕ್ಕದಲ್ಲಿ ಬೇಕಾಯಿತು. ಸತ್ಯವೇದದ ಅರಣ್ಯಕಾಂಡ (ಸಂಖ್ಯಾಕಾಂಡ) 30ರ ಪ್ರಕಾರವೂ ಹರಕೆ ಹೊತ್ತವರ ಬಾಯಿಗೆ ಅದು ಕಟ್ಟುತ್ತದೆ. ಆಮೇಲೆ ತಾಯಿಯನ್ನೇ ಕೇಳಿದೆವು, ಸೇವೆ ಅಂದಾಗ ನಿಮ್ಮ ಕಣ್ಣ ಮುಂದೆ ಬಂದದ್ದೇನು? ‘ಬಿಳಿ ನಿಲುವಂಗಿ ಹಾಕ್ಕೊಂಡು ಪುಲ್ಪಿಟ್ ಮೇಲೆ ನಿಲ್ಲೋದು.’ ಆ ರಾತ್ರಿ ಮಗುವಿನ ಹಣೆಗೆ ಬೆಳಗಿನವರೆಗೆ ಒದ್ದೆ ಬಟ್ಟೆ ಬದಲಿಸಿದ್ದು ಯಾರು? ಒಬ್ಬ ನರ್ಸು. ಮುಂದೆ ನಾವೇನೂ ಹೇಳಲಿಲ್ಲ. ಮುಂದಿನ ವಾರ ತಾಯಿ ತಾವಾಗಿಯೇ ಮಗನಿಗೆ, ಹರಕೆ ನಂದು, ನಾನು ತೀರಿಸಿಕೊಳ್ತೀನಿ, ನೀನು ಹೆದರ್ಕೊಂಡು ಹೋಗಬೇಡ ಎಂದರು. ಆ ಮಾತಿನ ನಂತರವೂ ಹಂಬಲ ಉಳಿಯುತ್ತದೆಯೇ ಎಂದು ನೋಡಬೇಕಿತ್ತು. ಉಳಿಯಿತು.

ಹಣದ ವಿಷಯ ಒಂದೇ ಭೇಟಿಯಲ್ಲಿ ಮುಗಿಯಿತು, ಏಕೆಂದರೆ ಕಾಗದದ ಮೇಲೆ ಬರೆದರೆ ವಾದಕ್ಕೆ ಜಾಗವಿರುವುದಿಲ್ಲ. ಮನೆ ಸಾಲದ ಕಂತು 6,200. ತಂಗಿ ನರ್ಸಿಂಗ್ ಕೊನೆಯ ವರ್ಷ. ತಂದೆ ಗಾರೆ ಕೆಲಸದವರು, ಮಂಡಿ ಸವೆದಿದೆ. ತಾಯಿಯ ಸಕ್ಕರೆ ಕಾಯಿಲೆಯ ಔಷಧಿ ಇ.ಎಸ್.ಐ.ನಿಂದ, ಸಂಬಳ 21,000ದ ಮಿತಿಯೊಳಗಿರುವುದರಿಂದ ಇವನ ಹೆಸರಿನಲ್ಲಿ ತಾಯಿಗೂ ಆ ಸೌಲಭ್ಯವಿದೆ, ಕೆಲಸ ಬಿಟ್ಟರೆ ಸ್ವಲ್ಪ ಕಾಲದಲ್ಲೇ ನಿಲ್ಲುತ್ತದೆ. ಗ್ರಾಚ್ಯುಟಿಗೆ ಕಾಯಂ ನೌಕರನಿಗೆ 5 ವರ್ಷದ ಸೇವೆ ಬೇಕು. ಇವನದು 4 ವರ್ಷ 3 ತಿಂಗಳು. ಇನ್ನು 9 ತಿಂಗಳಿದ್ದರೆ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಬರುವ ಹಣವನ್ನು ಮೂರು ವಾರದ ಉತ್ಸಾಹಕ್ಕೆ ಬಿಟ್ಟುಕೊಡಲು ಹೊರಟಿದ್ದ. ಇದೆಲ್ಲ ಅಪನಂಬಿಕೆ ಎಂದು ಅವನಿಗೆ ಯಾರೋ ಹೇಳಿದ್ದರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸಬೇಕೆಂದು ಲೂಕ 14ರಲ್ಲಿ ಹೇಳಿದ್ದು ಯೇಸುವೇ. ತಂದೆತಾಯಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಮೀಸಲು, ಎಂದು ಹೇಳಿ ಜಾರಿಕೊಳ್ಳುವವರನ್ನು ಮಾರ್ಕ 7ರಲ್ಲಿ ಆತನು ಗದರಿಸಿದ್ದಾನೆ. ಬೀಜದ ಕಾಣಿಕೆ ಅಲ್ಲಿಗೆ ನಿಂತಿತು.

ಪ್ರಸಂಗಿ ದೇವರ ಮಾತೆಂದು ಕೂಟದಲ್ಲಿ ನುಡಿದ ಪ್ರವಾದನೆಯನ್ನು ಏನು ಮಾಡುವುದು? ತಳ್ಳಿಹಾಕು ಎಂದು ನಾವು ಹೇಳಲಿಲ್ಲ. 1 ಥೆಸಲೊನೀಕ 5ರಲ್ಲಿ ಪೌಲನು ಪ್ರವಾದನೆಗಳನ್ನು ಹೀನೈಸಬೇಡಿರಿ ಎಂದ ಉಸಿರಿನಲ್ಲೇ ಎಲ್ಲವನ್ನೂ ಪರೀಕ್ಷಿಸಿರಿ ಎನ್ನುತ್ತಾನೆ. ಪರೀಕ್ಷೆಗೆ ಮೂರು ವಿಷಯ ಸಾಕು: ಹೇಳಿದವರು ನಿನ್ನನ್ನು ಮೊದಲೇ ಬಲ್ಲರೇ, ಮಾತಿನ ಬೆನ್ನಿಗೆ ಹಣ ಕೇಳಿದರೇ, ಗಡುವು ಹಾಕಿದರೇ. ಬಲ್ಲವರಲ್ಲ, ಕೇಳಿದರು, ಹಾಕಿದರು. ಅಂತಿಯೋಕ್ಯದಲ್ಲಿ ಪವಿತ್ರಾತ್ಮನು ಬಾರ್ನಬ ಸೌಲರನ್ನು ಪ್ರತ್ಯೇಕಿಸಿರಿ ಎಂದಾಗ (ಅಪೊಸ್ತಲರ ಕೃತ್ಯಗಳು 13) ಅವರಿಬ್ಬರೂ ಅದೇ ಸಭೆಯಲ್ಲಿ ಒಂದು ವರ್ಷವಿಡೀ ಬೋಧಿಸಿ ಎಲ್ಲರ ಕಣ್ಣಿಗೆ ಬಿದ್ದಿದ್ದರು. ಕೈಯಿಟ್ಟು ಕಳಿಸಿದ್ದು ಬಲ್ಲ ಜನ.

ಮೆಥೋಡಿಸ್ಟರಿಗೆ ಇದಕ್ಕೆ ಹಳೆಯ ಅಳತೆಗೋಲೊಂದಿದೆ. ಬೋಧಿಸಲು ಆತ್ಮಪ್ರೇರಣೆಯಾಗಿದೆ ಎನ್ನುವವರನ್ನು ಪರೀಕ್ಷಿಸುವುದು ಹೇಗೆಂದು 1746ರಲ್ಲಿ ಮೆಥೋಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ ಮತ್ತು ಸಂಗಡಿಗರು ಸಮ್ಮೇಳನದಲ್ಲಿ ಕೂತು ಯೋಚಿಸಿ ಮೂರು ವಿಷಯಕ್ಕೆ ಬಂದರು: ಕೃಪೆ ಇದೆಯೇ, ವರ (ಬೋಧಿಸುವ ಸಾಮರ್ಥ್ಯ) ಇದೆಯೇ, ಫಲ (ಕೇಳಿದವರ ಬದುಕಿನಲ್ಲಿ ಬದಲಾವಣೆ) ಇದೆಯೇ. ಮೊದಲನೆಯದನ್ನು ಸ್ವಲ್ಪಮಟ್ಟಿಗೆ ತಾನೇ ಹೇಳಬಹುದು. ಮೂರನೆಯದನ್ನು ತಾನೇ ಹೇಳಿಕೊಳ್ಳಲು ಬರುವುದಿಲ್ಲ, ಅದಕ್ಕೆ ಬೇರೆಯವರ ಕಣ್ಣೂ ಕಾಲವೂ ಬೇಕು. ಗ್ರಾಚ್ಯುಟಿಗೆ ಬೇಕಾದ ಆ 9 ತಿಂಗಳನ್ನೇ ಪರೀಕ್ಷಾ ಕಾಲ ಮಾಡಿಕೊಂಡೆವು. ಪತ್ರ ಅಳಿಸಬೇಡ, ಡ್ರಾಫ್ಟಿನಲ್ಲೇ ಇರಲಿ ಎಂದೆವು.

ಓದಿನ ಅಭ್ಯಾಸ ಮೊದಲು ರಿಪೇರಿಯಾಗಬೇಕಿತ್ತು. ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವೇ ಅಂದಿನ ವಾಗ್ದಾನ, ಇದು ಅವನ ಕ್ರಮ. ಹೀಗೆ ಓದಿದವನಿಗೆ ತನಗೆ ಬೇಕಾದ್ದೇ ಸಿಗುತ್ತಿರುತ್ತದೆ. ಮಾರ್ಕನ 16 ಅಧ್ಯಾಯ ದಿನಕ್ಕೊಂದರಂತೆ, ಆಮೇಲೆ ಅಪೊಸ್ತಲರ ಕೃತ್ಯಗಳ 28, ನಂತರ ಎಫೆಸದವರಿಗೆ ಬರೆದ 6. ಹೊತ್ತು ಮೂರೂವರೆಯಲ್ಲ, ಪಾಳಿ ಮುಗಿಸಿ ಸ್ನಾನ ಮಾಡಿ ಕೂತ ಇಪ್ಪತ್ತು ನಿಮಿಷ. ಒಂದು ನೋಟ್‌ಬುಕ್ಕು, ದಿನಕ್ಕೆ ಮೂರೇ ಸಾಲು: ಇಲ್ಲಿ ದೇವರು ಏನು ಮಾಡಿದನು, ನನಗೆ ಅರ್ಥವಾಗದ್ದು ಯಾವುದು, ಇಂದು ಯಾರಿಗೆ ಏನು ಮಾಡಬೇಕು. ಮೊದಲ ತಿಂಗಳು ಆ ಪುಸ್ತಕ ‘ಇವತ್ತು ಪ್ರಸನ್ನತೆ ಅನುಭವಿಸಿದೆ’, ‘ಇವತ್ತು ಒಣಗಿದ ಹಾಗಿದೆ’ ಎಂಬುದರಿಂದಲೇ ತುಂಬಿತ್ತು. ಮೂರನೇ ಸಾಲಿನಲ್ಲಿ ಒಂದು ಹೆಸರು ಕಡ್ಡಾಯ ಎಂದ ಮೇಲೆ ದಾರಿಗೆ ಬಂತು.

ಸೇವೆ ಯಾವುದು ಎಂದು ಹುಡುಕುವಾಗ ಅವನಿಗೆ ಕೂಡಲೇ ಹೊಳೆದದ್ದು ಮೈಕು. ನಾವು ಕೇಳಿದ್ದು ಬೇರೆ: ನಿಮ್ಮ ಸಭೆಯಲ್ಲಿ ಯಾವ ಕೆಲಸ ಯಾರೂ ಮಾಡದೆ ಬಿದ್ದಿದೆ? ಬಂಗಾರಪೇಟೆ ಕಡೆಯ ಸಭೆಗಳ ಸಮಸ್ಯೆಯೇ ಇದು. ದುಡಿಯುವ ವಯಸ್ಸಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ಸೋಮವಾರದಿಂದ ಶನಿವಾರದವರೆಗೆ ಮನೆಯಲ್ಲಿ ಉಳಿಯುವವರು ಮುದುಕರು. ಅವರಲ್ಲಿ ಕೆ.ಜಿ.ಎಫ್. ಗಣಿಯಲ್ಲಿ ದುಡಿದವರಿದ್ದಾರೆ, 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಎದೆಯೊಳಗೆ ಸೇರಿದ ಕಲ್ಲಿನ ಧೂಳು ಮಾತ್ರ ಅಲ್ಲೇ ಕೂತಿದೆ. ಹಗಲು ಹೊತ್ತು ಅವರನ್ನು ನೋಡಲು ಬಿಡುವಿರುವುದು ಯಾರಿಗೆ? ಪಾಳಿ ಕೆಲಸದವನಿಗೆ. ಆತ ಬಿಟ್ಟು ಓಡಲು ಹೊರಟಿದ್ದ ಅದೇ ಪಾಳಿ ಅವನಿಗೆ ಬುಧವಾರದ ಮಧ್ಯಾಹ್ನವನ್ನು ಕೊಟ್ಟಿತ್ತು.

ಸಭಾಪಾಲಕರ ಒಪ್ಪಿಗೆ ಪಡೆದು ನಾಲ್ಕು ಮನೆ ಗೊತ್ತುಮಾಡಿದೆವು, ವಾರಕ್ಕೆ ಎರಡು. ಮನೆಗೆ 40 ನಿಮಿಷ. ಅರ್ಧ ಹೊತ್ತು ಕೇಳುವುದು, ಇಲ್ಲವೇ ಕೈಗೆ ಕಂಡ ಕೆಲಸ. ಓದುವುದು ಹತ್ತು ವಚನದೊಳಗೆ, ಪ್ರಾರ್ಥನೆ ಮೂರು ನಿಮಿಷ ಮೀರಬಾರದು. ಉಸಿರು ಕಟ್ಟುವವರು ಉದ್ದದ ಪ್ರಾರ್ಥನೆಯಲ್ಲಿ ಕೆಮ್ಮು ತಡೆಹಿಡಿದು ಒದ್ದಾಡುತ್ತಾರೆ. ಮಾತ್ರೆ ನಿಲ್ಲಿಸಿ ಎಂದು ಯಾವ ಕಾರಣಕ್ಕೂ ಹೇಳಕೂಡದು. ಹಣ ಮುಟ್ಟಕೂಡದು, ಬಸ್ ಚಾರ್ಜ್ ಎಂದು ಕೊಟ್ಟರೂ. ಒಂಟಿಯಾಗಿ ಹೋಗದೆ ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು.

ತಪ್ಪಿದ್ದು ಎರಡು ಕಡೆ. ಮೂರನೇ ವಾರ ಹಿರಿಯ ಗಣಿಕಾರ್ಮಿಕರೊಬ್ಬರು, ಇವನು ಸತ್ಯವೇದ ತೆರೆಯುವ ಮೊದಲೇ, ‘ನಲ್ಲಿ ನೀರು ಬಂದೈತೆ, ಮೊದಲು ಎರಡು ಬಿಂದಿಗೆ ಹಿಡಿ’ ಎಂದರು. ಇವನಿಗೆ ಅವಮಾನವಾಯಿತು, ಎರಡು ವಾರ ಆ ಮನೆ ಬಿಟ್ಟ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ಊಟ ಬಡಿಸಲು ಆರಿಸಿದ ಏಳು ಜನರಲ್ಲೇ ಮುಂದೆ ದೊಡ್ಡ ಬೋಧಕರಾದ ಸ್ತೆಫನನೂ ಫಿಲಿಪ್ಪನೂ ಇದ್ದರು ಎಂಬುದನ್ನು ಅವನೇ ಓದಿನಲ್ಲಿ ಕಂಡುಕೊಂಡು ವಾಪಸು ಹೋದ. ಇನ್ನೊಂದು ಹೆಚ್ಚು ಗಂಭೀರ. ಒಂದು ಮನೆಯ ಸೊಸೆ ಅತ್ತು ಹೇಳಿದ್ದನ್ನು ಶುಕ್ರವಾರದ ಕೂಟದಲ್ಲಿ ‘ಪ್ರಾರ್ಥನಾ ವಿಷಯ’ ಎಂದು ಹೇಳಿಬಿಟ್ಟ. ಹೆಸರು ಹೇಳಲಿಲ್ಲ ಎಂದು ವಾದಿಸಿದ, ಆದರೆ ಮೂವತ್ತು ಮನೆಯ ಸಭೆಯಲ್ಲಿ ಹೆಸರು ಬೇಕೇ? ಆ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬರಬೇಕಾಯಿತು. ಅವರು ಇನ್ನೂ ಮೊದಲಿನಂತೆ ಮಾತಾಡಿಸುತ್ತಿಲ್ಲ. ಸಭೆಗಳಲ್ಲಿ ಅತಿ ಹೆಚ್ಚು ಗಾಯ ಮಾಡುವುದು ಈ ಪ್ರಾರ್ಥನಾ ವಿಷಯಗಳೇ ಎಂಬುದು ನಮ್ಮ ಅಭಿಪ್ರಾಯ.

ಆರನೇ ತಿಂಗಳಲ್ಲಿ ಸಭಾಪಾಲಕರು, ಸಂಡೇ ಸ್ಕೂಲ್ ಮುಖ್ಯಸ್ಥೆ ಮತ್ತು ಜೊತೆಗೆ ಹೋಗುವ ಹಿರಿಯರಿಗೆ ಒಂದೊಂದು ಚೀಟಿ ಕೊಟ್ಟೆವು: ಇವನಿಂದ ಯಾರಿಗೆ, ಏನು ಒಳ್ಳೆಯದಾಗಿದೆ? ಎಲ್ಲಿ ತೊಂದರೆಯಾಗಿದೆ? ಮೂವರೂ ಪ್ರಸಂಗದ ಬಗ್ಗೆ ಏನೂ ಬರೆದಿರಲಿಲ್ಲ. ಒಬ್ಬೊಬ್ಬರ ಪಕ್ಕ ಕೂತು ವಾಕ್ಯ ಬಿಡಿಸಿ ಹೇಳುವುದು ಇವನಿಗೆ ಬರುತ್ತದೆ, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಸಭೆ ಬಿಟ್ಟಿದ್ದ ಇಬ್ಬರು ಹುಡುಗರು ಮತ್ತೆ ಬರುತ್ತಿದ್ದಾರೆ ಎಂದು ಇಬ್ಬರು ಬರೆದಿದ್ದರು. ತನ್ನ ಮಾತಿಗೆ ಎದುರಾಡಿದರೆ ಮುಖ ಗಂಟಿಕ್ಕುತ್ತಾನೆ ಎಂದು ಮೂವರೂ.

ಮುಂದಿನ ದಾರಿ ಎರಡಿವೆ. ಸಂಬಳವಿಲ್ಲದೆ, ಕೆಲಸ ಬಿಡದೆ ಬೋಧಿಸುವ ‘ಸ್ಥಳೀಯ ಪ್ರಸಂಗಿ’ ಪದ್ಧತಿ ವೆಸ್ಲಿಯ ಕಾಲದಿಂದ ಇದೆ. ಸ್ವಂತ ಸಭೆಯ ಶಿಫಾರಸಿನಿಂದ ಅದು ಶುರು. ಸಭಾಪಾಲಕನಾಗುವುದಾದರೆ ದೇವಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟ್‌ನ ಬಿ.ಡಿ.ಗೆ (ಬ್ಯಾಚುಲರ್ ಆಫ್ ಡಿವಿನಿಟಿ) ಸಾಮಾನ್ಯವಾಗಿ ಮೊದಲು ಪದವಿ ಬೇಕು, ಇವನಲ್ಲಿರುವುದು ಡಿಪ್ಲೊಮಾ. ಪದವಿಯನ್ನು ದೂರಶಿಕ್ಷಣದಲ್ಲಿ, ಕೆಲಸದಲ್ಲಿದ್ದುಕೊಂಡೇ ಮಾಡಬಹುದು. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲೇ ದೇವಶಾಸ್ತ್ರ ಓದಬಹುದು. ಮೊದಲನೆಯದಕ್ಕೆ ಸಭೆಯಲ್ಲಿ ಅರ್ಜಿ ಕೊಟ್ಟಿದ್ದಾನೆ. ಎರಡನೆಯದನ್ನು ತಂಗಿಯ ಓದು ಮುಗಿದ ಮೇಲೆ ನೋಡುತ್ತೇನೆ ಎಂದಿದ್ದಾನೆ.

ಮುಂದಿನ ತಿಂಗಳಿಂದ ಎರಡನೇ ಪಾಳಿ, ಹಾಗಾಗಿ ಭೇಟಿ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಜೊತೆಗೆ ಬರುತ್ತಿದ್ದ ಹಿರಿಯರಿಗೆ ಡೇರಿಯ ಲೆಕ್ಕದ ಕೆಲಸವಿರುತ್ತದೆ. ಬೇರೆ ಜೊತೆಗಾರ ಸಿಗುವವರೆಗೆ ಒಂಟಿಯಾಗಿ ಮನೆಗಳಿಗೆ ಹೋಗಕೂಡದು, ಫೋನಿನಲ್ಲೇ ವಿಚಾರಿಸಿಕೊಳ್ಳಬೇಕು ಎಂದು ಹೇಳಿ ಕಳಿಸಿದ್ದೇವೆ. ವಾಪಸು ಬಂದ ಆ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಕೇಳುತ್ತೇನೆ ಎಂದ.