ಮುರಿದ ವೇಳಾಪಟ್ಟಿಯನ್ನು ಬಿಸಾಡಬೇಡಿ

ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ವೇಳಾಪಟ್ಟಿ ಹಾಕಿಕೊಳ್ಳುತ್ತೀರಿ, ಎಂಟು ಹತ್ತು ದಿನ ಚೆನ್ನಾಗಿ ನಡೆಯುತ್ತದೆ, ಆಮೇಲೆ ಒಂದು ದಿನ ತಪ್ಪಿ ಎಲ್ಲವೂ ಕುಸಿಯುತ್ತದೆ. ಶಿಸ್ತು ಬೆಳೆಸಿಕೊಳ್ಳಲು ಯಾವ ಆ್ಯಪ್, ಯಾವ ಪದ್ಧತಿ ಒಳ್ಳೆಯದು, ಮುಂದಿನ ತಿಂಗಳ 1ರಿಂದ ಮತ್ತೆ ಹೊಸದಾಗಿ ಶುರುಮಾಡಬೇಕೆಂದಿದ್ದೇನೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನದೇ ಹಳೆಯ ದಿನಚರಿಯ ಪುಟವನ್ನು ಬೇರೆಯವರ ಕೈಬರಹದಲ್ಲಿ ಕಂಡಂತಾಯಿತು.

ಎಂಟು ವರ್ಷಗಳ ಹಿಂದೆ ನಾನಿದ್ದ ಕಚೇರಿಯಲ್ಲಿ ಹಳೆಯ ಲೆಕ್ಕಪತ್ರದ ತಂತ್ರಾಂಶವನ್ನು ತೆಗೆದು ಹೊಸದನ್ನು ತರುತ್ತಿದ್ದರು. ಅದನ್ನು ಬಳಸುವವರಿಗಾಗಿ ಸುಮಾರು 140 ಪುಟಗಳ ಕೈಪಿಡಿಯೊಂದನ್ನು ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂತು. ಗಡುವು 13 ವಾರ. ಕೈಪಿಡಿಯ ಮೊದಲ ವಾಕ್ಯಕ್ಕೂ ಮುಂಚೆ ನಾನು ಮಾಡಿದ್ದು ಎಕ್ಸೆಲ್‌ನಲ್ಲಿ ಒಂದು ವೇಳಾಪಟ್ಟಿ. ದಿನದ 17 ಗಂಟೆಗಳನ್ನು ಅರ್ಧರ್ಧ ಗಂಟೆಯ 34 ಮನೆಗಳಾಗಿ ಸೀಳಿ, ವ್ಯಾಯಾಮ, ಓದು, ಇಮೇಲ್, ಸಭೆ, ಕೈಪಿಡಿ, ನಡಿಗೆ, ಮರುದಿನದ ಯೋಜನೆ ಎಂದು ಪ್ರತಿಯೊಂದಕ್ಕೂ ಹೆಸರಿಟ್ಟೆ. ಕೈಪಿಡಿಗೆ ಮಧ್ಯಾಹ್ನ 2ರಿಂದ 5ರವರೆಗಿನ ಆರು ಮನೆಗಳು. ಅಂದುಕೊಂಡಂತೆ ಆದದ್ದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು. ಇಡೀ ಪಟ್ಟಿಯಲ್ಲಿ ಒಂದು ಮನೆಯೂ ಖಾಲಿ ಇರಲಿಲ್ಲ, ಅದೇ ನನ್ನ ಹೆಮ್ಮೆಯಾಗಿತ್ತು.

ಮೊದಲ ವಾರ ಆರಂಭಶೂರತ್ವದ ಬಲದಲ್ಲಿ ಕಳೆಯಿತು. ಎರಡನೆಯ ವಾರದ ಮಂಗಳವಾರ, 11 ಗಂಟೆಗೆ ಮುಗಿಯಬೇಕಿದ್ದ ಸಭೆಯೊಂದು 11.40ಕ್ಕೆ ಮುಗಿಯಿತು. ನನ್ನ ಜಾಗಕ್ಕೆ ಮರಳಿ ಎರಡು ಮನೆಗಳಿಗೆ ಕೆಂಪು ಬಳಿದೆ. ಅಷ್ಟು ಹೊತ್ತು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದ ಹಸಿರಿನ ಸಾಲು ಒಡೆದುಹೋದದ್ದನ್ನು ಕಂಡಾಗ ಮನಸ್ಸಿನಲ್ಲಿ ಹುಟ್ಟಿದ ಮಾತು, ‘ಇವತ್ತು ಹೇಗೂ ಕೆಟ್ಟಿತು’ ಎಂಬುದು. ಊಟದ ನಂತರ ಕೈಪಿಡಿಯ ಫೈಲನ್ನು ತೆರೆಯಲೇ ಇಲ್ಲ. ಉಳಿದಿದ್ದ ಇಮೇಲ್‌ಗಳಿಗೆ ಉತ್ತರಿಸಿದೆ, ಹಳೆಯ ಫೋಲ್ಡರ್‌ಗಳನ್ನು ಅಚ್ಚುಕಟ್ಟಾಗಿ ಜೋಡಿಸಿದೆ, ಸಂಜೆ ಮನೆಗೆ ಹೋದೆ. ಮರುದಿನದಿಂದ ಸರಿಯಾಗಿ ಮಾಡುವುದೆಂದು ನಿಶ್ಚಯಿಸಿದೆ; ಮರುದಿನವೂ ಏನೋ ಒಂದು ತಪ್ಪಿದಾಗ ಸೋಮವಾರದಿಂದ ಎಂದೆ; ಸೋಮವಾರಗಳು ಎರಡು ಮೂರು ಸೋತ ಮೇಲೆ ಮುಂದಿನ ತಿಂಗಳ 1ರಿಂದ ಎಂದೆ.

ಇಲ್ಲಿ ನಡೆದ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಅರ್ಥಮಾಡಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಆ ಮಂಗಳವಾರ ಮಧ್ಯಾಹ್ನ 2 ಗಂಟೆಗೆ ನನ್ನೆದುರು ಯಾವ ಅಡ್ಡಿಯೂ ಇರಲಿಲ್ಲ. ಸಭೆ ಮುಗಿದು ಎರಡು ಗಂಟೆಗೂ ಹೆಚ್ಚು ಹೊತ್ತಾಗಿತ್ತು, ಕೈಪಿಡಿಗೆಂದು ಮೀಸಲಿಟ್ಟ ಮೂರು ಗಂಟೆಗಳು ಮುಟ್ಟದ ಹಾಗೆ ಉಳಿದಿದ್ದವು, ಯಾರೂ ನನ್ನನ್ನು ಕರೆದಿರಲಿಲ್ಲ. ಸಭೆ ನನ್ನಿಂದ ಕಿತ್ತುಕೊಂಡದ್ದು 40 ನಿಮಿಷ ಮಾತ್ರ. ಆ ಮೂರು ಗಂಟೆಗಳನ್ನು ನಾನೇ ಎತ್ತಿ ಆಚೆಗೆ ಹಾಕಿದ್ದೆ. ಇಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ಆದರೆ ‘ಇವತ್ತು ಹೇಗೂ ಕೆಟ್ಟಿತು’ ಎಂದುಕೊಂಡಾಗ ನನಗೆ ದುಃಖವಾಗುತ್ತಿರಲಿಲ್ಲ, ಹಗುರವಾಗುತ್ತಿತ್ತು! ಇದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆ ಒಂದು ಮಾತು ಕಷ್ಟದ ಕೆಲಸದಿಂದ ನನಗೆ ಸಂಜೆಯವರೆಗೆ ರಜೆ ಮಂಜೂರು ಮಾಡುತ್ತಿತ್ತು, ಅದೂ ನಾನು ಶಿಸ್ತಿನ ಮನುಷ್ಯ ಎಂಬ ಭಾವನೆಗೆ ಧಕ್ಕೆ ಬಾರದ ಹಾಗೆ. ಶಿಸ್ತಿನವನಾದ್ದರಿಂದಲೇ ಅರೆಬರೆ ದಿನವನ್ನು ಒಪ್ಪಿಕೊಳ್ಳುತ್ತಿಲ್ಲ, ಪೂರ್ತಿ ದಿನಕ್ಕಾಗಿ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ. ಭಾನುವಾರ ಸಂಜೆ ಹೊಸ ಪಟ್ಟಿ ಬರೆದು ಬಣ್ಣ ಬದಲಿಸುವಾಗಲಂತೂ, ಕೈಪಿಡಿಯ ಹತ್ತು ಪುಟ ಮುಗಿಸಿದಷ್ಟೇ ತೃಪ್ತಿ ಸಿಗುತ್ತಿತ್ತು. ಕೆಡುವುದರಲ್ಲೂ ಸುಖ, ಮತ್ತೆ ಕಟ್ಟುವುದರಲ್ಲೂ ಸುಖ. ನಡುವೆ ಇದ್ದ ಕೆಲಸದಲ್ಲಿ ಮಾತ್ರ ಯಾವ ಸುಖವೂ ಇರಲಿಲ್ಲ.

‘ಮುಳುಗಿದವನಿಗೆ ಚಳಿಯೇನು, ಮಳೆಯೇನು’ ಎಂಬ ಗಾದೆ ನಮ್ಮಲ್ಲಿದೆ. ಮನೋವಿಜ್ಞಾನಿಗಳು ಇದನ್ನು ಆಹಾರಪಥ್ಯದವರಲ್ಲಿ ಗುರುತಿಸಿದ್ದಾರೆ. ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಥ್ಯದ ಬಗ್ಗೆ ಕಟ್ಟುನಿಟ್ಟಾಗಿದ್ದವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಇಟ್ಟರೆ, ಏನನ್ನೂ ಕುಡಿಯದಿದ್ದಾಗಿನದಕ್ಕಿಂತ ಹೆಚ್ಚು ಐಸ್‌ಕ್ರೀಮ್ ತಿನ್ನುತ್ತಿದ್ದರು. ಹೊಟ್ಟೆ ತುಂಬಿದ ಮೇಲೆ ಕಡಿಮೆ ತಿನ್ನುವುದು ಸಹಜ. ಆದರೆ ನಿಯಮ ಒಂದು ಸಲ ಮುರಿದ ಮೇಲೆ ಉಳಿದ ದಿನದಲ್ಲಿ ಕಾಪಾಡಿಕೊಳ್ಳಬೇಕಾದದ್ದೇನೂ ಇಲ್ಲವೆಂದು ಅವರಿಗೆ ಅನ್ನಿಸಿತ್ತು. ನನ್ನ ಮಿಲ್ಕ್‌ಶೇಕ್ 40 ನಿಮಿಷ ತಡವಾಗಿ ಮುಗಿದ ಆ ಸಭೆ.

ಗಡುವಿನ ದಿನ ಬಂದಾಗ ನನ್ನ ಬಳಿ ಇದ್ದದ್ದು 46 ಪುಟ. ಮೇಲಧಿಕಾರಿ ಬೈಯಲಿಲ್ಲ. ಉಳಿದ ಅಧ್ಯಾಯಗಳನ್ನು ಸಹೋದ್ಯೋಗಿಯೊಬ್ಬರಿಗೆ ವಹಿಸಿದರು. ಆಕೆ ತನ್ನ ಕೆಲಸವನ್ನು ಬದಿಗಿಟ್ಟು, ಮೂರು ವಾರ ತಡವಾಗಿ ಅದನ್ನು ಮುಗಿಸಿದರು. ಕೈಪಿಡಿಯ ಮೇಲೆ ಅವರ ಹೆಸರು ಬಂತು, ನ್ಯಾಯವಾಗಿಯೇ. ಮುಂದಿನ ಎರಡು ವರ್ಷ ನನಗೆ ಸ್ವತಂತ್ರವಾಗಿ ಯಾವ ದೊಡ್ಡ ಕೆಲಸವನ್ನೂ ಕೊಡಲಿಲ್ಲ. ಆದರೆ ಆ ದಿನ ಮೇಲಧಿಕಾರಿ ಕೇಳಿದ ಪ್ರಶ್ನೆಯೇ ಹೆಚ್ಚು ಚುಚ್ಚಿತು: ‘ಆರನೆಯ ವಾರದಲ್ಲೇ ನನಗೆ ಏಕೆ ತಿಳಿಸಲಿಲ್ಲ?’ ಆರನೆಯ ವಾರದಲ್ಲಿ ನಾನು ಹಿಂದೆ ಬಿದ್ದಿದ್ದೇನೆ ಎಂದು ನನಗೇ ಅನ್ನಿಸಿರಲಿಲ್ಲ. ಬರುವ ಸೋಮವಾರದಿಂದ ಎಲ್ಲವನ್ನೂ ಹೊಸದಾಗಿ ಶುರುಮಾಡುವವನಿದ್ದೆನಲ್ಲ, ಹಾಗಾಗಿ ನನ್ನ ಲೆಕ್ಕದಲ್ಲಿ ಸಮಯ ಯಾವಾಗಲೂ ಪೂರ್ತಿಯಾಗಿಯೇ ಇರುತ್ತಿತ್ತು.

ಒಂದೆರಡು ತಿಂಗಳ ಬಳಿಕ ಆ ಎಕ್ಸೆಲ್ ಪಟ್ಟಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಎಣಿಸಿದೆ. ಒಟ್ಟು 65 ಕೆಲಸದ ದಿನಗಳು. ಪೂರ್ತಿ ಹಸಿರಾಗಿದ್ದವು 11. ಊಟದ ನಂತರ ಏನಾದರೂ ತಪ್ಪಿದ್ದವು 16. ಊಟಕ್ಕೆ ಮೊದಲೇ ಏನಾದರೂ ತಪ್ಪಿದ್ದವು 38. ಈ 38 ದಿನಗಳಲ್ಲಿ ಅಡ್ಡಿಗಳು ತಿಂದ ಹೊತ್ತು ದಿನಕ್ಕೆ ಸರಾಸರಿ 40 ನಿಮಿಷದಂತೆ ಸುಮಾರು 25 ಗಂಟೆ. ಅಡ್ಡಿ ಮುಗಿದ ಮೇಲೆ ನಾನಾಗಿಯೇ ಕೈಬಿಟ್ಟದ್ದು, ದಿನಕ್ಕೆ ಮೂರರಂತೆ, 114 ಗಂಟೆ. ಕೈಪಿಡಿಯನ್ನು ಎರಡು ಸಲ ಬರೆಯಲು ಸಾಕಾಗುವಷ್ಟು ಹೊತ್ತು ಅದು, ಅಥವಾ ನನ್ನ ನಿಧಾನಕ್ಕೆ ಒಂದು ಸಲವಾದರೂ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹತ್ತು ದಿನ 34 ಮನೆಗಳ ಪಟ್ಟಿಯನ್ನು ಪಾಲಿಸಬಲ್ಲ ವ್ಯಕ್ತಿಗೆ ಶಿಸ್ತಿನ ಕೊರತೆ ಇದೆ ಎನ್ನುವುದು ನಗೆಪಾಟಲಿನ ಮಾತು. ನಿಮಗೆ ಇಲ್ಲದಿರುವುದು ಹನ್ನೊಂದನೆಯ ದಿನದ ಮಧ್ಯಾಹ್ನಕ್ಕೊಂದು ದಾರಿ. ಹೊಸ ಆ್ಯಪ್ ಅದನ್ನು ಕೊಡುವುದಿಲ್ಲ. ಸತತ ದಿನಗಳ ಸರಣಿಯನ್ನು ಎಣಿಸಿ ಒಂದು ದಿನ ತಪ್ಪಿದೊಡನೆ ಸೊನ್ನೆಗೆ ಇಳಿಸುವ ಆ್ಯಪ್‌ಗಳಂತೂ ನನ್ನ ರೋಗವನ್ನೇ ಔಷಧಿಯೆಂದು ಮಾರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುತ್ತದೆಯೇ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಫಲಿತಾಂಶವನ್ನು ಮುದ್ರಿಸಿದರು. ಒಂದು ಸಣ್ಣ ಅಭ್ಯಾಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಹಿಡಿಯುವ ಕಾಲ, ಆ 12 ವಾರಗಳ ಗತಿಯಿಂದ ಮುಂದಕ್ಕೆ ಅಂದಾಜಿಸಿದ ಅವರ ಲೆಕ್ಕದಂತೆ, 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು, ನಡುವಿನ ಅಂಕಿ 66. ಎಲ್ಲರೂ ಹೇಳುವ 21 ದಿನದ ಮಾತು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್, ರೋಗಿಗಳು ತಮ್ಮ ಬದಲಾದ ರೂಪಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಬರೆದದ್ದರಿಂದ ಹುಟ್ಟಿಕೊಂಡದ್ದು. ‘ಕನಿಷ್ಠ’ ಎಂಬ ಪದ ಹೇಗೋ ದಾರಿಯಲ್ಲಿ ಉದುರಿಹೋಯಿತು. ನನಗೆ ಮುಖ್ಯವೆನಿಸಿದ್ದು ಲಾಲಿ ಅವರ ಇನ್ನೊಂದು ಗಮನಿಕೆ: ನಡುವೆ ಒಂದು ಅವಕಾಶ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ.

ಇನ್ನು ನಾನೀಗ ಏನು ಮಾಡುತ್ತೇನೆ ಎಂಬುದು. ಹೆಚ್ಚೇನಿಲ್ಲ. ಒಂದು ಸಾಧಾರಣ ನೋಟ್‌ಪುಸ್ತಕದಲ್ಲಿ ದಿನಕ್ಕೆ ಒಂದೇ ಮುಖ್ಯ ಕೆಲಸವನ್ನು ಬರೆಯುತ್ತೇನೆ, ಮತ್ತು ಅದು ತಪ್ಪಿದರೆ ಹಿಂದಿರುಗುವ ದಾರಿಯನ್ನು ಅದರ ಕೆಳಗೆ ಮೊದಲೇ ಬರೆದಿಡುತ್ತೇನೆ. ‘ಬೆಳಗಿನ ಹೊತ್ತು ಹಾಳಾದರೆ, ಊಟ ಮುಗಿಸಿ ಕುರ್ಚಿಯಲ್ಲಿ ಕುಳಿತ ಕೂಡಲೇ ಫೈಲ್ ತೆರೆದು ನಿನ್ನೆ ಬರೆದ ಕೊನೆಯ ಪ್ಯಾರಾವನ್ನು ತಿದ್ದುತ್ತೇನೆ’ ಎಂಬಷ್ಟು ನಿರ್ದಿಷ್ಟವಾಗಿ. ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದರ ಬಗ್ಗೆ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಬಹುಕಾಲ ಕೆಲಸ ಮಾಡಿದ್ದಾರೆ; ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಸಂಕಲ್ಪಕ್ಕಿಂತ ಇದರಿಂದ ಗುರಿ ತಲುಪುವವರು ಗಣನೀಯವಾಗಿ ಹೆಚ್ಚು ಎಂದು ಕಂಡುಬಂತು. ಪ್ಯಾರಾ ತಿದ್ದುವುದು ಹದಿನೈದು ನಿಮಿಷದ ಕೆಲಸ. ಅಷ್ಟಕ್ಕೇ ನಿಲ್ಲಿಸಲು ನನಗೆ ಅನುಮತಿಯಿದೆ. ಹೆಚ್ಚಿನ ದಿನಗಳಲ್ಲಿ ನಿಲ್ಲಿಸುವುದಿಲ್ಲ. ಕೆಲವು ದಿನ ನಿಲ್ಲಿಸುತ್ತೇನೆ, ಆಗಲೂ ಅದು ಕೆಟ್ಟ ದಿನವೆಂದು ಬರೆದುಕೊಳ್ಳುವುದಿಲ್ಲ.

ಎರಡನೆಯದಾಗಿ, ದಿನದ ಮೂರರಲ್ಲಿ ಒಂದು ಭಾಗವನ್ನು ಖಾಲಿ ಬಿಡುತ್ತೇನೆ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜು ಮಾಡುವುದರಲ್ಲಿ ಮನುಷ್ಯನಷ್ಟು ದಡ್ಡ ಬೇರೊಬ್ಬನಿಲ್ಲ. ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕೆಂದಿದ್ದರು. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂದು ಕೇಳಿದ್ದಕ್ಕೆ 49 ದಿನ ಎಂದಿದ್ದರು. ಹಿಡಿದದ್ದು 55ಕ್ಕೂ ಹೆಚ್ಚು. ಒಂದೂ ಖಾಲಿ ಮನೆಯಿಲ್ಲದ ಪಟ್ಟಿ ಮೊದಲ ಅಡ್ಡಿಗೇ ಒಡೆಯುವಂತೆ ಕಟ್ಟಿದ ಪಟ್ಟಿ. ಬೆಳಗ್ಗೆ 5ಕ್ಕೆ ಏಳುವ ವಿಚಾರವನ್ನು ಸದ್ಯಕ್ಕೆ ಬಿಟ್ಟುಬಿಡಿ. ಏಳು ಗಂಟೆಗೆ ಎದ್ದವರೂ ಕೈಪಿಡಿಗಳನ್ನು ಬರೆದಿದ್ದಾರೆ, ನನ್ನ ಸಹೋದ್ಯೋಗಿಯೇ ಅದಕ್ಕೆ ಸಾಕ್ಷಿ.

ಹೊಸ ತಿಂಗಳು, ಹೊಸ ವಾರಗಳು ಉತ್ಸಾಹ ತರುವುದು ಸುಳ್ಳಲ್ಲ. ವಾರ, ತಿಂಗಳು, ವರ್ಷಗಳ ಆರಂಭದಲ್ಲಿ ಜನ ಜಿಮ್‌ಗೆ ಹೋಗುವುದು ಹೆಚ್ಚುತ್ತದೆ ಎಂದು ಸಂಶೋಧಕರಾದ ಹೆಂಗ್‌ಚೆನ್ ದಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲೇ ತೋರಿಸಿದ್ದಾರೆ. ಇನ್ನೂ ಶುರುಮಾಡದವರಿಗೆ ಅದು ಒಳ್ಳೆಯದೇ. ನೀವು ಶುರುಮಾಡಿ ಆಗಿದೆ. ನಿಮ್ಮಂಥವರಿಗೆ ಮತ್ತು ನನ್ನಂಥವರಿಗೆ 1ನೆಯ ತಾರೀಖು ಎನ್ನುವುದು ಇವತ್ತಿನಿಂದ ಆ ದಿನದವರೆಗೆ ಸಿಗುವ ರಜೆ.

ಹಾಗಾಗಿ ಹೊಸ ಪಟ್ಟಿ ಬರೆಯಬೇಡಿ. ಈಗ ಮುರಿದುಬಿದ್ದಿದೆಯಲ್ಲ, ಆ ಹಳೆಯ ಪಟ್ಟಿಯನ್ನೇ ತೆರೆಯಿರಿ. ಕೆಂಪು ಮನೆಗಳನ್ನು ಅಳಿಸದೆ, ತುಂಬಲೂ ಹೋಗದೆ ಹಾಗೆಯೇ ಬಿಡಿ. ಇವತ್ತಿನ ಸಾಲಿನಲ್ಲಿ ಈ ಹೊತ್ತಿಗೆ ಯಾವ ಮನೆಯಿದೆಯೋ ಅಲ್ಲಿಗೆ ಬನ್ನಿ, ಅದರಲ್ಲಿ ಏನು ಬರೆದಿದೆಯೋ ಅದನ್ನು ಹದಿನೈದು ನಿಮಿಷ ಮಾಡಿ.