ಮೊದಲ ಸಲ ಎಸ್ಕೇಪ್ ರೂಮ್: ಯಾವ ಥೀಮ್, ಎಷ್ಟು ಜನ, ಏನೇನು ಕೇಳಿ ಬುಕ್ ಮಾಡಬೇಕು

ನಿಮ್ಮ ಪ್ರಶ್ನೆ ನೋಡಿದೆ. ದಸರಾ ರಜೆಗೆ ಹಾಸನದಿಂದ ಅಕ್ಕನ ಮನೆಯವರು ಬೆಂಗಳೂರಿಗೆ ಬರುತ್ತಾರೆ, ಒಟ್ಟು ಆರು ಜನ, ಅದರಲ್ಲಿ ಹನ್ನೆರಡು ವರ್ಷದ ಹುಡುಗ ಒಬ್ಬ, ಅರವತ್ತು ದಾಟಿದ ಅತ್ತೆ ಒಬ್ಬರು, ಯಾರೂ ಇದುವರೆಗೆ ಎಸ್ಕೇಪ್ ರೂಮ್ (ಒಂದು ಕಥೆಯ ಥೀಮ್ ಇರುವ ರೂಮಿನೊಳಗೆ ಹೋಗಿ, ಪಜಲ್ ಬಿಡಿಸಿ, ಸಮಯ ಮುಗಿಯುವ ಮುಂಚೆ ಹೊರಗೆ ಬರುವ ಆಟ) ಆಡಿಲ್ಲ, ದೆವ್ವದ ಮನೆ ಥೀಮ್ ತಗೊಳ್ಳೋದಾ ಬ್ಯಾಂಕ್ ದರೋಡೆ ತಗೊಳ್ಳೋದಾ ಅಂತ ಕೇಳಿದ್ದೀರಿ. ಬ್ಯಾಂಕ್ ದರೋಡೆ ತಗೊಳ್ಳಿ. ದೆವ್ವದ ಮನೆ ಈ ಸಲ ಬೇಡ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ. ಈ ಗುಂಪಿನಲ್ಲಿ ಮೇಲೆ ಬಂದಿರುವ ಉತ್ತರಗಳೆಲ್ಲ ಆ ಜಾಗ ಸೂಪರ್, ಈ ಜಾಗ ಸೂಪರ್ ಅನ್ನುತ್ತಿವೆ, ಯಾವುದು ಯಾರಿಗೆ ಸರಿ ಅಂತ ಯಾರೂ ಹೇಳಿಲ್ಲ.

ದೆವ್ವದ ರೂಮ್‌ಗಳ ಮೇಲೆ ನನಗೆ ಕೋಪ ಏನಿಲ್ಲ. ಚೆನ್ನಾಗಿ ಮಾಡಿದ್ದು ಸಿಕ್ಕರೆ ಒಳ್ಳೇ ಮಜಾ ಇರುತ್ತದೆ. ಆದರೆ ಅಲ್ಲಿ ಕತ್ತಲು ಜಾಸ್ತಿ, ಇಡೀ ತಂಡಕ್ಕೆ ಒಂದೋ ಎರಡೋ ಟಾರ್ಚ್ ಕೊಟ್ಟಿರುತ್ತಾರೆ. ಟಾರ್ಚ್ ಹಿಡಿದವರು ಹುಡುಕುತ್ತಾರೆ, ಉಳಿದವರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಮೂಲೆಯಲ್ಲಿ ನಿಂತಿರುತ್ತಾರೆ. ಕೆಲವು ಕಡೆ ವೇಷ ಹಾಕಿದ ನಟರೇ ಒಳಗೆ ಬಂದು ಹೆದರಿಸುತ್ತಾರೆ. ಹೆದರಿದ ತಲೆಗೆ ಲೆಕ್ಕ ಹತ್ತುವುದಿಲ್ಲ ಅಂತ ಮಾಡಿದವರಿಗೂ ಗೊತ್ತು, ಅದಕ್ಕೇ ನಾನು ನೋಡಿದ ದೆವ್ವದ ರೂಮ್‌ಗಳಲ್ಲಿ ಪಜಲ್‌ಗಳು ಸುಲಭವಾಗೇ ಇದ್ದವು. ಅಲ್ಲಿ ಹೆದರಿಕೆಯೇ ಆಟ, ಬಿಡಿಸುವ ಖುಷಿ ಕಮ್ಮಿ. ಕಾಲೇಜು ಹುಡುಗರ ಗ್ಯಾಂಗ್‌ಗೆ ಅದು ಸರಿ. ನಿಮ್ಮ ತಂಡದಲ್ಲಿ ಹತ್ತನೇ ನಿಮಿಷಕ್ಕೆ ಹುಡುಗನೋ ಅತ್ತೆಯೋ ಹೊರಗೆ ಹೋಗ್ತೀನಿ ಅಂದರೆ ಅವರ ಜೊತೆ ಇನ್ನೊಬ್ಬರು ಹೋಗಬೇಕು, ಉಳಿದವರಿಗೂ ಮನಸ್ಸು ಇರುವುದಿಲ್ಲ.

ಬ್ಯಾಂಕ್ ದರೋಡೆಯಲ್ಲಿ ಕಥೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಿಜೋರಿ ತೆರೆಯಬೇಕು, ಅಷ್ಟೇ. ಸಾಮಾನ್ಯವಾಗಿ ಬೆಳಕೂ ಚೆನ್ನಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಬೀಗ ಇರಬೇಕಾದ ಜಾಗದಲ್ಲೇ ಬೀಗ ಇರುತ್ತದೆ.

ಈ ಕೊನೆಯ ಮಾತು ನನಗೆ ತುಂಬ ದೊಡ್ಡದು. ಯಾವ ರೂಮ್ ಆದರೂ ನಾನು ನೋಡುವುದು ಇದನ್ನೇ: ಒಳಗಿರುವ ಪಜಲ್ ಆ ಕಥೆಗೆ ಸೇರಿದ್ದಾ, ಇಲ್ಲಾ ಎತ್ತಿ ಬೇರೆ ಯಾವ ರೂಮ್‌ನಲ್ಲಿ ಇಟ್ಟರೂ ನಡೆಯುತ್ತಾ? ಈಜಿಪ್ಟ್ ಗೋರಿ ಥೀಮ್ ಅಂತ ಹೋಗುತ್ತೀರಿ. ಗೋಡೆಗೆ ಮರಳಿನ ಬಣ್ಣ, ನಾಯಿ ಮುಖದ ದೇವರ ವಿಗ್ರಹ, ಎಲ್ಲ ಚಂದ. ಅದರ ಮಧ್ಯೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ಹಾರ್ಡ್‌ವೇರ್ ಅಂಗಡಿಯ ನಂಬರ್ ಲಾಕ್, ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಸುಡೊಕು ಹಾಳೆ. ಆ ಕ್ಷಣಕ್ಕೆ ಗೋರಿ ಮಾಯವಾಗಿ ಟ್ಯೂಷನ್ ಕ್ಲಾಸಿನಲ್ಲಿ ಕೂತ ಹಾಗಾಗುತ್ತದೆ. ಅದೇ ಥೀಮನ್ನು ಮನಸ್ಸಿಟ್ಟು ಮಾಡಿದವರೂ ಇದ್ದಾರೆ. ಗೋಡೆಯ ಚಿತ್ರದಲ್ಲಿ ಮೆರವಣಿಗೆ ಹೋಗುತ್ತಿರುತ್ತದೆ, ಯಾರ ಹಿಂದೆ ಯಾರು ಅಂತ ನೋಡಿಕೊಂಡು ನಾಲ್ಕು ವಿಗ್ರಹಗಳನ್ನು ಅದೇ ಸಾಲಿನಲ್ಲಿ ಕಲ್ಲಿನ ಗುಳಿಗಳಲ್ಲಿ ಕೂರಿಸಬೇಕು. ವಿಗ್ರಹದ ತಳದಲ್ಲಿ ಅಯಸ್ಕಾಂತ ಇರುತ್ತದೆ, ಗುಳಿಯ ಕೆಳಗೆ ಸಣ್ಣ ಸ್ವಿಚ್. ನಾಲ್ಕನೆಯದು ಕೂತ ತಕ್ಷಣ ಎಲ್ಲೋ ಟಕ್ ಅನ್ನುತ್ತದೆ, ಅಲ್ಲಿವರೆಗೆ ಗೋಡೆ ಅಂದುಕೊಂಡಿದ್ದು ಒಂದು ಬೆರಳಷ್ಟು ಮುಂದೆ ಬರುತ್ತದೆ. ಬೀಗವೂ ಇಲ್ಲ, ಕೀಲಿಯೂ ಇಲ್ಲ. ಆ ಟಕ್ ಸದ್ದಿಗೋಸ್ಕರವೇ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಎಲ್ಲ ಕಡೆ ಬೀಗ ತುಂಬುವ ಅಭ್ಯಾಸ ಹಳೆಯದು. ಕಂಪ್ಯೂಟರ್‌ನಲ್ಲಿ ರೂಮಿನೊಳಗೆ ಸಿಕ್ಕಿಬಿದ್ದು ಸಿಕ್ಕಿದ್ದೆಲ್ಲ ಕ್ಲಿಕ್ ಮಾಡುತ್ತಾ ಹೊರಗೆ ಬರುವ ಆಟಗಳಿದ್ದವಲ್ಲ, ಅವನ್ನೇ ನಿಜವಾದ ಜಾಗದಲ್ಲಿ ಆಡಿಸಿದ್ದು ಸ್ಕ್ರ್ಯಾಪ್ ಅನ್ನೋ ಹೆಸರಿನ ಕಂಪನಿಯ ತಕಾವೊ ಕಾಟೊ, 2007ರಲ್ಲಿ, ಜಪಾನಿನ ಕ್ಯೋಟೋದಲ್ಲಿ. 2011ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಪ್ಯಾರಾಪಾರ್ಕ್ ಅನ್ನೋ ಎಸ್ಕೇಪ್ ರೂಮ್ ಶುರುವಾಯಿತು, ಅಲ್ಲಿಂದ ಯುರೋಪಿನ ತುಂಬ ಹರಡಿತು. ಶುರುವಿನ ದಿನಗಳಲ್ಲಿ ಬೀಗ, ಪೆಟ್ಟಿಗೆ, ಚೀಟಿ ಇದ್ದರೆ ಸಾಕಿತ್ತು. ಈಗಲೂ ಅಷ್ಟರಲ್ಲೇ ನಿಂತವರ ಹತ್ತಿರ ತಲೆಗೆ ಸಾವಿರದ ಆಸುಪಾಸು ಕೊಟ್ಟು ಆಡಬೇಕಾದಾಗ ನನಗೆ ಬೇಜಾರಾಗುತ್ತದೆ.

ಪ್ರಯೋಗಾಲಯದ ಥೀಮ್ ಕೂಡ ನಿಮಗೆ ಒಪ್ಪುತ್ತದೆ. ವೈರಸ್ ಹರಡುತ್ತಿದೆ, ಒಂದು ಗಂಟೆಯಲ್ಲಿ ಔಷಧಿ ಹುಡುಕಬೇಕು ಅನ್ನೋ ಥರದ್ದು. ಇದರಲ್ಲಿ ಒಂದು ಪಜಲ್ ನನಗೆ ಅಚ್ಚುಮೆಚ್ಚು. ಮೊಣಕೈ ಉದ್ದದ ಗಾಜಿನಂಥ ಪ್ಲಾಸ್ಟಿಕ್ ಕೊಳವೆ, ಗೋಡೆಗೆ ಬಿಗಿದಿರುತ್ತಾರೆ. ತಳದಲ್ಲಿ ಕಾರ್ಕಿಗೆ ಕಟ್ಟಿದ ಕೀಲಿ ಕಾಣುತ್ತದೆ, ಕೈ ಹೋಗುವುದಿಲ್ಲ. ನೀರು ಹುಯ್ಯಬೇಕು ಅಂತ ಹೊಳೆಯುತ್ತದೆ. ಹುಯ್ದರೆ ಕೊಳವೆಯ ಸುತ್ತ ಅಲ್ಲಲ್ಲಿ ಇರುವ ತೂತುಗಳಿಂದ ನೀರು ಚಿಮ್ಮಿ ಎಲ್ಲರ ಮೈಮೇಲೆ ಬೀಳುತ್ತದೆ. ಆಗ ಒಬ್ಬರು ಹೆಬ್ಬೆರಳು, ಒಬ್ಬರು ಅಂಗೈ, ಮಗು ಇದ್ದರೆ ಮಗುವಿನ ಕಿರುಬೆರಳು, ಹೀಗೆ ತೂತಿಗೊಬ್ಬರು ಮುಚ್ಚಿ ಹಿಡಿಯುತ್ತಾರೆ, ಉಳಿದವರು ಲೋಟದಲ್ಲಿ ನೀರು ಹುಯ್ಯುತ್ತಾರೆ, ಕೀಲಿ ನಿಧಾನಕ್ಕೆ ಮೇಲೆ ತೇಲಿ ಬರುತ್ತದೆ. ಇಂಗ್ಲಿಷ್ ಬೇಡ, ಗಣಿತ ಬೇಡ, ಒಬ್ಬರೇ ಜಾಣರು ಎಲ್ಲ ಮುಗಿಸಿಬಿಡುವ ಹಾಗೂ ಇಲ್ಲ. ನಿಮ್ಮ ಅತ್ತೆ ಅಲ್ಲಿ ಎಲ್ಲರಷ್ಟೇ ಬೇಕಾದವರು. ಎಸ್ಕೇಪ್ ರೂಮ್ ಅಂದರೆ ಇದು.

ಪತ್ತೇದಾರಿ ರೂಮ್‌ಗಳು ನನಗೆ ಇಷ್ಟ, ಆದರೆ ನಿಮಗೆ ಈ ಸಲ ಬೇಡ. ಡೈರಿ, ಪೇಪರ್ ಕಟಿಂಗ್, ಪತ್ರ, ಓದುವುದು ವಿಪರೀತ, ಅದೂ ಎಲ್ಲ ಇಂಗ್ಲಿಷಿನಲ್ಲಿ. ಓದುವವರು ಇಬ್ಬರು, ಕಾಯುವವರು ನಾಲ್ವರು ಆಗುತ್ತದೆ. ಬಾಂಬ್ ಥೀಮ್ ಪರವಾಗಿಲ್ಲ, ಕೊನೆಗೆ ಯಾವ ವೈರ್ ಕತ್ತರಿಸಬೇಕು ಅನ್ನೋದನ್ನ ಕ್ಲೂ ಇಲ್ಲದೆ ಅದೃಷ್ಟಕ್ಕೆ ಬಿಟ್ಟಿದ್ದರೆ ಮಾತ್ರ ಕೆಟ್ಟದು. ಜೈಲ್ ಥೀಮ್ ಬಗ್ಗೆಯೂ ಯೋಚಿಸಬಹುದು. ಒಳ್ಳೆಯ ಜೈಲ್ ರೂಮ್‌ನಲ್ಲಿ ತಂಡವನ್ನು ಎರಡು ಸೆಲ್‌ಗೆ ಹಂಚುತ್ತಾರೆ. ಇವರಿಗೆ ಕಾಣುವುದು ಅವರಿಗೆ ಕಾಣುವುದಿಲ್ಲ, ಕಂಬಿಯ ಆಚೆಯಿಂದ ಕೂಗಿ ಹೇಳಬೇಕು. ಆರು ಜನಕ್ಕೆ ಮೂರು ಮೂರು ಸರಿಯಾಗಿ ಆಗುತ್ತದೆ.

ಜನದ ಲೆಕ್ಕ ಅಂದರೆ, ಆರು ಜನ ಹಿಡಿಸುತ್ತಾರೆ ಅಂತ ವೆಬ್‌ಸೈಟಿನಲ್ಲಿ ಇದ್ದರೂ ಎಷ್ಟೋ ರೂಮ್‌ಗಳಲ್ಲಿ ನಾಲ್ಕೇ ಜನಕ್ಕೆ ಕೆಲಸ ಇರುತ್ತದೆ. ಫೋನ್ ಮಾಡಿ ಕೇಳಿ: ಒಂದು ಪಜಲ್ ಮುಗಿದ ಮೇಲೆ ಇನ್ನೊಂದಾ, ಇಲ್ಲಾ ಒಂದೇ ಹೊತ್ತಿಗೆ ಎರಡು ಮೂರು ತೆರೆದಿರುತ್ತಾ? ಒಂದಾದ ಮೇಲೆ ಒಂದು ಅಂದರೆ ನಿಮ್ಮ ಆರು ಜನಕ್ಕೆ ಅದು ಬೇಡ, ಅಥವಾ ಒಂದೇ ಸ್ಲಾಟಿನಲ್ಲಿ ಎರಡು ರೂಮ್ ತಗೊಂಡು ಮೂರು ಮೂರು ಜನ ಹೋಗಿ. ಹುಡುಗ ಮತ್ತು ಅತ್ತೆ ಒಂದೇ ತಂಡದಲ್ಲಿರಲಿ. ಹುಡುಗ ಮಂಚದ ಕೆಳಗೆ ನುಗ್ಗಿ ಹುಡುಕುತ್ತಾನೆ, ದೊಡ್ಡವರು ಅರ್ಧ ಗಂಟೆ ಹಿಂದೆ ನೋಡಿದ್ದನ್ನ ನೆನಪಿಟ್ಟು ಹೇಳುತ್ತಾರೆ. ಈ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಗೆ ಮಂಡಿನೋವು ಇದ್ದರೆ ತೆವಳಿಕೊಂಡು ಹೋಗುವ ಸುರಂಗ ಇದೆಯಾ ಅಂತಲೂ ಕೇಳಿಕೊಳ್ಳಿ.

ಇನ್ನೊಂದು ವಿಷಯ ಹೇಳಲೇಬೇಕು. ಬೆಂಗಳೂರಿನಲ್ಲೇ ಇರುವ ರೂಮ್‌ಗಳಲ್ಲಿ ನಮ್ಮ ಊರಿನದು ಅನ್ನಿಸುವಂಥದ್ದು ಯಾಕೆ ಇಷ್ಟು ಕಮ್ಮಿ? ಕೋಡ್ ಅಂದರೆ ಚುಕ್ಕೆ ಗೆರೆಗಳ ಮೋರ್ಸ್, ಇಲ್ಲಾ ಇಂಗ್ಲಿಷ್ ಅಕ್ಷರಗಳನ್ನ ಮೂರು ಮನೆ ಮುಂದಕ್ಕೆ ಜರುಗಿಸೋದು. ನಮ್ಮಲ್ಲೇ ಕಟಪಯಾದಿ ಇದೆಯಲ್ಲ, ಅಕ್ಷರವನ್ನ ಅಂಕಿ ಮಾಡುವ ಹಳೇ ಪದ್ಧತಿ. ಕ, ಟ, ಪ, ಯ ನಾಲ್ಕೂ 1, ಅಲ್ಲಿಂದ ಮುಂದಿನ ಅಕ್ಷರಕ್ಕೆ ಮುಂದಿನ ಅಂಕಿ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರಗಳನ್ನ ಅಂಕಿ ಮಾಡಿ ಹಿಂದುಮುಂದು ಮಾಡಿದರೆ ರಾಗದ ನಂಬರ್ ಸಿಗುತ್ತದೆ. ಮಾಯಾಮಾಳವಗೌಳದಲ್ಲಿ ಮಾ 5, ಯಾ 1, ತಿರುಗಿಸಿದರೆ 15. ಧೀರಶಂಕರಾಭರಣದಲ್ಲಿ ಧೀ 9, ರ 2, ತಿರುಗಿಸಿದರೆ 29. ಹಳೇ ಬಸವನಗುಡಿ ಮನೆಯ ಹಾಲ್ ಥರ ಒಂದು ರೂಮ್, ಗೋಡೆ ಪಕ್ಕ ವೀಣೆ, ಸಂಗೀತದ ನೋಟ್‌ಬುಕ್ಕಿನಲ್ಲಿ ಎರಡು ರಾಗದ ಹೆಸರು, ಟ್ರಂಕಿಗೆ ನಾಲ್ಕಂಕಿಯ ಲಾಕ್: 1529. ಕಟಪಯಾದಿ ಗೊತ್ತಿಲ್ಲದವರಿಗೆ ಅಕ್ಷರದ ಪಟ್ಟಿಯನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟರಾಯಿತು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ ಇದೆ, ನೆಲದ ಕೆಳಗೆ 3 ಕಿಲೋಮೀಟರ್‌ಗಿಂತ ಆಳ. ಗಣಿಗಳಲ್ಲಿ ಲಿಫ್ಟ್ ಮೇಲೆ ಹೋಗಲಿ, ನಿಲ್ಲಲಿ ಅನ್ನೋದನ್ನ ಗಂಟೆ ಎಷ್ಟು ಸಲ ಬಾರಿಸಿದರು ಅನ್ನೋದರಲ್ಲೇ ತಿಳಿಸುತ್ತಾರೆ. ಪಜಲ್ ಮಾಡೋಕೆ ಇನ್ನೇನು ಬೇಕು? ಈ ಗುಂಪಿನಲ್ಲಿ ರೂಮ್ ನಡೆಸುವವರು ಯಾರಾದರೂ ಇದ್ದರೆ ದಯವಿಟ್ಟು ಇಂಥದ್ದೊಂದು ಮಾಡಿ, ನಾವೆಲ್ಲ ಬರುತ್ತೇವೆ.

ಅಲ್ಲಿವರೆಗೆ ನೀವು ಬುಕ್ ಮಾಡುವಾಗ ಕನ್ನಡ ಮಾತಾಡುವ ಗೇಮ್ ಮಾಸ್ಟರ್ ಬೇಕು ಅಂತ ಮೊದಲೇ ಹೇಳಿ. ಅವರು ಕ್ಯಾಮೆರಾದಲ್ಲಿ ನಿಮ್ಮನ್ನ ನೋಡುತ್ತಾ ವಾಕಿಟಾಕಿಯಲ್ಲೋ ಸ್ಕ್ರೀನ್ ಮೇಲೋ ಹಿಂಟ್ ಕೊಡುವವರು. ಆ ಹಿಂಟ್ ಅತ್ತೆಗೂ ಅರ್ಥವಾಗಬೇಕು ಅಲ್ವಾ.

ಸುರಕ್ಷತೆ ವಿಷಯ ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಊರಿನಲ್ಲಿ ಹುಟ್ಟುಹಬ್ಬ ಆಚರಿಸೋಕೆ ಎಸ್ಕೇಪ್ ರೂಮ್‌ಗೆ ಹೋಗಿದ್ದ 15 ವರ್ಷದ ಐದು ಹುಡುಗಿಯರು ಬೆಂಕಿ ಅನಾಹುತದಲ್ಲಿ ಸತ್ತರು. ಬೆಂಕಿ ಹತ್ತಿದ್ದು ಹೊರಗಿನ ಕಾಯುವ ಜಾಗದಲ್ಲಿ, ಇವರಿಗೆ ಹೊರಗೆ ಬರೋಕೆ ದಾರಿ ಇರಲಿಲ್ಲ. ಆಮೇಲೆ ಆ ದೇಶದಲ್ಲಿ ಎಲ್ಲ ರೂಮ್ ತಪಾಸಣೆ ಮಾಡಿ ಎಷ್ಟೋ ಜಾಗ ಮುಚ್ಚಿಸಿದರು. ಹಾಗಾಗಿ ಒಳಗೆ ಹೋಗುವ ಮುಂಚೆ ಬಾಗಿಲು ನಿಜವಾಗಿ ಲಾಕ್ ಆಗುತ್ತಾ, ಒಳಗಿನಿಂದ ತೆರೆಯೋ ಬಟನ್ ಎಲ್ಲಿದೆ, ಕರೆಂಟ್ ಹೋದರೆ ಏನಾಗುತ್ತದೆ ಅಂತ ಕೇಳಿ. ಕರೆಂಟಿನಿಂದ ಹಿಡಿದುಕೊಳ್ಳುವ ಅಯಸ್ಕಾಂತದ ಲಾಕ್ ಆದರೆ ಕರೆಂಟ್ ನಿಂತ ತಕ್ಷಣ ತಾನೇ ಬಿಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಯುಪಿಎಸ್ ಇದ್ದರೆ ಬಿಡುವುದಿಲ್ಲ, ಆಗ ಬಟನ್ ಇರಲೇಬೇಕು. ಬಟನ್ ಒತ್ತಿ ತೋರಿಸಿ ಅಂದರೆ ಒಳ್ಳೆಯವರು ಖುಷಿಯಿಂದ ತೋರಿಸುತ್ತಾರೆ. ಒಂದು ಕಡೆ ನಾನು ಹೀಗೆ ಕೇಳಿದಾಗ, ನಾವು ಹೊರಗೇ ಇರ್ತೀವಿ ಸಾರ್, ತೆಗೀತೀವಿ ಅಂದರು. ಕೀಲಿ ಅವರ ಜೇಬಿನಲ್ಲಿ. ನಾವು ಆಡದೆ ವಾಪಸ್ ಬಂದೆವು.

ಒಳಗೆ ಹೋದ ಮೇಲೆ ಮೊದಲ ಐದು ನಿಮಿಷ ಸುಮ್ನೆ ಹುಡುಕಿ, ಯಾರೂ ಬಿಡಿಸೋಕೆ ಕೂರಬೇಡಿ. ಟೇಬಲ್ ತಳ, ಡ್ರಾಯರ್ ಹಿಂಭಾಗ, ಫೋಟೋ ಹಿಂದೆ, ಪುಸ್ತಕದ ಮಧ್ಯೆ ಕೈ ಆಡಿಸಿ. ಸ್ವಿಚ್ ಬೋರ್ಡ್, ಸೀಲಿಂಗ್, ಎಸಿ ಮುಟ್ಟಬೇಡಿ, ಅಲ್ಲಿ ಏನೂ ಇಡುವುದಿಲ್ಲ. ಸಿಕ್ಕಿದ್ದನ್ನ ಜೋರಾಗಿ ಹೇಳಿ: ಇಲ್ಲಿ ನೀಲಿ ಬಣ್ಣದ ಚೀಟಿ ಇದೆ, ಇಲ್ಲಿ ಮೂರಂಕಿ ಲಾಕ್ ಇದೆ. ಸುಮ್ಮನೆ ಜೇಬಿಗೆ ಹಾಕಿಕೊಂಡ ಕೀಲಿಯಿಂದಲೇ ಎಷ್ಟೋ ತಂಡ ಹೊರಗೆ ಬರಲ್ಲ. ಒಂದು ಕೀಲಿ ಸಾಮಾನ್ಯವಾಗಿ ಒಂದೇ ಸಲ ಉಪಯೋಗ, ಆದ್ದರಿಂದ ಬಳಸಿದ್ದನ್ನ ಅದೇ ಬೀಗದಲ್ಲಿ ಬಿಟ್ಟು ಒಂದು ಮೂಲೆಗೆ ಇಡಿ. ನಾಲ್ಕಂಕಿಯ ಲಾಕಿನಲ್ಲಿ ಮೂರು ಗೊತ್ತಾಗಿ ಒಂದು ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಆ ಚಕ್ರವನ್ನ ಹತ್ತು ಸಲ ತಿರುಗಿಸಿದರೆ ತೆಗೆಯುತ್ತದೆ. ನಾಲ್ಕು ಬೇರೆ ಬೇರೆ ಅಂಕಿ ಗೊತ್ತಿದ್ದು ಸಾಲು ಗೊತ್ತಿಲ್ಲ ಅಂದರೆ 24 ಥರ, ಅದನ್ನೂ ಒಬ್ಬರು ಕೂತು ನೋಡಬಹುದು. ಏನೂ ಗೊತ್ತಿಲ್ಲದೆ ಹತ್ತು ಸಾವಿರ ತಿರುಗಿಸೋಕೆ ಹೋಗಬೇಡಿ. ಐದಾರು ನಿಮಿಷ ಯಾರೂ ಮುಂದೆ ಹೋಗಿಲ್ಲ ಅಂದರೆ ಹಿಂಟ್ ಕೇಳಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಒಂದೇ ಪೆಟ್ಟಿಗೆ ಮುಂದೆ ಇಪ್ಪತ್ತು ನಿಮಿಷ ಕಳೆದರೆ ರೂಮಿನ ಒಳ್ಳೆಯ ಭಾಗ ನೋಡೋಕೆ ಸಮಯವೇ ಉಳಿಯುವುದಿಲ್ಲ.

ಜಾಗ ಕೋರಮಂಗಲವೋ ಇಂದಿರಾನಗರವೋ ಅಂತ ಕೇಳಿದ್ದಿರಿ. ಮೆಜೆಸ್ಟಿಕ್ ಕಡೆಯಿಂದ ಬರುವುದಾದರೆ ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೋ ಇದೆ, ಅದೇ ಸುಲಭ. ಸಿಲ್ಕ್ ಬೋರ್ಡ್ ದಾಟಿ ಕಾರಿನಲ್ಲಿ ಬರುವುದಾದರೆ ಬೆಳಗಿನ ಮೊದಲ ಸ್ಲಾಟ್ ತಗೊಳ್ಳಿ. ತಡವಾದರೆ ನಿಮ್ಮ ನಂತರದ ತಂಡ ಕಾಯುವುದಿಲ್ಲ, ನಿಮ್ಮ ಅರವತ್ತು ನಿಮಿಷದಲ್ಲೇ ಕಡಿತ ಆಗುತ್ತದೆ. ವಾರದ ದಿನಗಳಲ್ಲಿ ರೇಟೂ ಕಮ್ಮಿ ಇರಬಹುದು, ಕೇಳಿ ನೋಡಿ. ಸಮಯ ಮುಗಿದು ಹೊರಗೆ ಬರಲಾಗದಿದ್ದರೆ ಹಾಗೇ ಎದ್ದು ಬರಬೇಡಿ. ಉಳಿದ ಪಜಲ್ ತೋರಿಸಿ ಅಂತ ಗೇಮ್ ಮಾಸ್ಟರ್‌ನ ಕೇಳಿ, ಮುಂದಿನ ತಂಡ ಬರುವ ಮುಂಚೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಆಡಿದ ಮೇಲೆ ಯಾವ ಥೀಮ್, ಅತ್ತೆಗೂ ಹುಡುಗನಿಗೂ ಹೇಗನ್ನಿಸಿತು ಅಂತ ಇಲ್ಲಿ ಬರೆಯಿರಿ. ಪಜಲ್‌ಗಳ ಉತ್ತರ ಮಾತ್ರ ಹಾಕಬೇಡಿ.